ಮೊದಲೇ ಬರೆದಿಟ್ಟ ಸಭೆ

ಕಿಟಕಿ ಕಂಡರೆ ಇಣುಕುವುದು ನನಗೆ ಹುಟ್ಟಿನಿಂದ ಬಂದ ರೋಗ. ಆ ದಿನ ಮಾತ್ರ ನಾನೊಬ್ಬಳೇ ಅಲ್ಲ, ನಮ್ಮ ಮೇಲಿನ ಬೀದಿಯ ಹೆಂಗಸರೆಲ್ಲ ಪಂಚಾಯ್ತಿ ಕಚೇರಿಯ ಕಿಟಕಿಗೆ ಅಂಟಿಕೊಂಡಿದ್ದೆವು. ಒಳಗೆ ಹೊಸ ಅಧ್ಯಕ್ಷೆಯ ಮೊದಲ ಸಭೆ. ನಮ್ಮ ಪಂಚಾಯ್ತಿಯಲ್ಲಿ ಹೆಂಗಸರು ಗೆದ್ದದ್ದುಂಟು, ಮುಸ್ಲಿಮರು ಗೆದ್ದದ್ದೂ ಉಂಟು. ಮುಸ್ಲಿಂ ಹೆಂಗಸೊಬ್ಬಳು ಗೆದ್ದು ಅಧ್ಯಕ್ಷೆಯಾದದ್ದು ಅದೇ ಮೊದಲು.

ಊರಿಗೆಲ್ಲ ಅವಳು ಆಪಾ, ಎಂದರೆ ಅಕ್ಕ. ಐವತ್ತು ದಾಟಿದ ನನಗಿಂತ ಎರಡೇ ವರ್ಷ ದೊಡ್ಡವಳು. ಹುಟ್ಟಿ ಬೆಳೆದದ್ದು ಕೆಜಿಎಫ್‌ನ ನಂದಿದುರ್ಗ ಗಣಿಯ ಕಾರ್ಮಿಕರ ಸಾಲುಮನೆಯಲ್ಲಿ, ಅಲ್ಲಿನವರು ಲೈನ್ ಎನ್ನುವುದರಲ್ಲಿ. ಮದುವೆಯಾಗಿ ಬಂದದ್ದು ಬಂಗಾರಪೇಟೆಗೂ ಬೇತಮಂಗಲಕ್ಕೂ ನಡುವಿನ ನಮ್ಮೂರಿಗೆ. ಗಂಡ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದರೆ ಕತ್ತಲಾದ ಮೇಲೆಯೇ ಮನೆ ಕಾಣುವ ಮನುಷ್ಯ. ಇವಳು ರವಿಕೆ ಹೊಲಿಯುತ್ತಿದ್ದಳು. ಅಳತೆ ಕೊಡುವಾಗ ಕೈ ಎತ್ತಿಕೊಂಡು ನಿಲ್ಲಬೇಕಲ್ಲ, ಆಗ ಹೆಂಗಸರಿಗೆ ಆಡಿಸಲು ಬಾಯಿಯೊಂದೇ ಉಳಿದಿರುತ್ತದೆ. ಹಾಗಾಗಿ ಮನೆಮನೆಯ ಕಷ್ಟ ಅವಳ ಟೇಪಿಗೆ ಗೊತ್ತಿತ್ತು.

ನಮ್ಮ ಬೀದಿಯ ಕಷ್ಟ ಒಂದೇ: ನೀರು. ಕೆಳಗಿನ ಬೀದಿಗೆ ದಿನ ಬಿಟ್ಟು ದಿನ ನಲ್ಲಿ ಬರುತ್ತಿತ್ತು. ದಿಬ್ಬದ ಮೇಲಿದ್ದ ನಮಗೆ ನಾಲ್ಕು ದಿನಕ್ಕೊಮ್ಮೆ. ಮನೆಯಲ್ಲಿ ಎರಡು ಸೀಮೆಹಸು ಕಟ್ಟಿಕೊಂಡವರಿಗೆ ನಾಲ್ಕು ದಿನ ಎಂದರೆ ಏನೆಂದು ಕೇಳಬೇಡಿ. ಗೆದ್ದರೆ ನಿಮಗೂ ದಿನ ಬಿಟ್ಟು ದಿನ ಎಂದು ಆಪಾ ಮಾತು ಕೊಟ್ಟಿದ್ದಳು. ನಾವು ಕಿಟಕಿ ಹಿಡಿದದ್ದು ಅದಕ್ಕೇ.

ಆದರೆ ನಮ್ಮ ಕಡೆ ಒಂದು ಪದ್ಧತಿ. ಹೆಂಗಸು ಗೆದ್ದರೆ ಹೆಸರು ಅವಳದು, ಕುರ್ಚಿ ಗಂಡನದು. ಗಂಡ ಊರಿನಲ್ಲಿಲ್ಲವಾದ್ದರಿಂದ ಗಂಡನ ಅಣ್ಣ, ಎಂದರೆ ಆಪಾಳ ಭಾವ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಆಗಲೇ ಅಧ್ಯಕ್ಷರ ಕುರ್ಚಿಯಲ್ಲಿ ಕೂತಿದ್ದ. ಕೆಟ್ಟವನಲ್ಲ. ಬಿಸಿಲಲ್ಲಿ ಅಲೆದು ಅವಳಿಗಾಗಿ ಓಟು ಕೇಳಿದವನು. ಕುರ್ಚಿ ತನಗೆ ಸೇರಿದ್ದೆಂದು ಮನಸಾರೆ ನಂಬಿದ್ದ. ಉಳಿದ ಸದಸ್ಯರಿಗೂ ಅದರಲ್ಲಿ ವಿಚಿತ್ರವೇನೂ ಕಂಡಂತಿರಲಿಲ್ಲ. ಇವಳೀಗ ಏನು ಮಾಡುತ್ತಾಳೆ? ಗೋಡೆ ಪಕ್ಕದ ಸ್ಟೂಲಿನಲ್ಲಿ ಕೂತುಬಿಡುತ್ತಾಳೋ, ಹೊರಗೇ ನಿಲ್ಲುತ್ತಾಳೋ?

ಆಪಾ ತಲೆ ಮೇಲಿನ ಸೆರಗು ಸರಿಮಾಡಿಕೊಂಡು ಒಳಗೆ ಬಂದಳು. ಭಾವನ ಎದುರು ನಿಂತಳು.

"ಭಾವ, ನಮ್ ಲೈನಲ್ಲಿ ನಲ್ಲಿ ಮುಂದೆ ಕೊಡ ಇಟ್ಟು ಓಗ್ತೀವಿ. ಇಲ್ಲೂ ಅಂಗೇ ತಾನೇ?"

"ಹೂಂ, ಇಡ್ತಾರೆ. ಅದ್ಯಾಕಮ್ಮಾ ಈಗ?"

"ಕೊಡ ಇದ್ರೆ ಪಾಳಿ ಇದ್ದಂಗೆ, ಯಾರೂ ತಳ್ಳಂಗಿಲ್ಲ. ಆದ್ರೆ ಕೊಡದೋಳು ಬಂದ್ಮೇಲೆ ಕೊಡ ಪಕ್ಕಕ್ಕೆ ಓಗಿ ಅವಳು ನಿಂತ್ಕೋಬೇಕು. ನಾನು ಬರೋಗಂಟ ನನ್ ಜಾಗ ಕಾದ್ರಿ, ದೊಡ್ಡ ಉಪಕಾರ. ಈಗ ಬಂದಿವ್ನಿ."

ನನ್ನ ಪಕ್ಕದಲ್ಲಿದ್ದ ನಮ್ಮತ್ತೆ ಬಾಯಿಗೆ ಸೆರಗು ತುರುಕಿಕೊಂಡರು. "ಅಯ್ಯಯ್ಯೋ, ಭಾವನ್ನೇ ಕೊಡ ಮಾಡ್ಬಿಟ್ಲಲ್ಲೇ!"

ಭಾವನ ಮುಖ ಕೆಂಪಾಯಿತು. "ಏನಮ್ಮಾ, ನಿಂಗೆ ಕನ್ನಡ ಓದಾಕೆ ಬತ್ತದಾ? ಬರಲ್ಲ ಅಂತಾನೇ ನಾನು ಕೂತಿರೋದು."

ಕಿಟಕಿಯಲ್ಲಿ ನಗು ನಿಂತುಹೋಯಿತು. ಆಪಾ ಮನೆಯಲ್ಲಿ ಉರ್ದು, ಹೊರಗೆ ನಮ್ಮಂತೆಯೇ ಕೊಡದಿಂದ ನೀರು ಸುರಿದ ಹಾಗೆ ಕನ್ನಡ ಆಡುವವಳು. ಆದರೆ ಲೈನಿನಲ್ಲಿ ಅವಳು ಕಲಿತ ಶಾಲೆ ತಮಿಳಿನದು. ಇಷ್ಟು ಚೆನ್ನಾಗಿ ಮಾತಾಡುವವಳಿಗೆ ಓದು ಬರುತ್ತದೋ ಇಲ್ಲವೋ ಎಂದು ಕೇಳುವ ಬುದ್ಧಿ ಓಟು ಹಾಕಿದ ನಮ್ಮಲ್ಲಿ ಒಬ್ಬರಿಗೂ ಬಂದಿರಲಿಲ್ಲ.

"ಬರಲ್ಲ," ಎಂದಳು ಆಪಾ. "ಕೇಳಾಕೆ ಬತ್ತದೆ." ಕಾರ್ಯದರ್ಶಿಯ ಕಡೆ ತಿರುಗಿದಳು. "ಓದಿ ಸಾರ್. ಸ್ವಲ್ಪ ಜೋರಾಗೇ ಓದಿ, ಕಿಟಕಿಯೋರಿಗೂ ಕೇಳ್ಲಿ."

ಭಾವ ನಿಧಾನವಾಗಿ ಎದ್ದ. ಅಭ್ಯಾಸಬಲದಿಂದ ಟವೆಲಿನಲ್ಲಿ ಕುರ್ಚಿಯನ್ನು ಒಮ್ಮೆ ಝಾಡಿಸಿ ಬಿಟ್ಟುಕೊಟ್ಟ. ಆಪಾ ಕೂತಳು. ಕಾರ್ಯದರ್ಶಿ ನಡಾವಳಿ ಪುಸ್ತಕ ತೆರೆದು ಗಂಟಲು ಸರಿಮಾಡಿಕೊಂಡರು.

"ಸದರಿ ವಿಷಯವನ್ನು ಸಭೆಯಲ್ಲಿ ಕೂಲಂಕಷವಾಗಿ ಚರ್ಚಿಸಿ, ಮೇಲಿನ ಬೀದಿಗೆ ಈ ಹಿಂದಿನಂತೆಯೇ ನಾಲ್ಕು ದಿನಗಳಿಗೊಮ್ಮೆ ನೀರು ಬಿಡಲು ತೀರ್ಮಾನಿಸಲಾಯಿತು."

"ಯಾವಾಗ ಚರ್ಚಿಸಿದ್ವಿ ಸಾರ್? ನಾನು ಈಗ ತಾನೇ ಕೂತೆ."

"ಅದು ಮೊದ್ಲೇ ಬರೆದಿಡ್ತೀವಿ ಮೇಡಂ, ಟೈಮ್ ಉಳೀಲಿ ಅಂತ. ನೀವು ಸೈನ್ ಹಾಕಿದ್ರೆ ಮುಗೀತು. ಎಲ್ಲಾ ಅಧ್ಯಕ್ಷರೂ ಹಾಕ್ತಿದ್ರು."

"ಬ್ಲೌಸ್ ಹೊಲಿದು ಆಮೇಲೆ ಅಳತೆ ತಕ್ಕಂಡಂಗಾಯ್ತಲ್ಲ ಸಾರ್!"

ಸದಸ್ಯರು ನಕ್ಕರು. ನಗದೆ ಕೂತಿದ್ದವನು ಕೆಳಗಿನ ಬೀದಿಯ ಸದಸ್ಯನೊಬ್ಬನೇ. "ದಿಬ್ಬಕ್ಕೆ ನೀರು ಏರಲ್ಲ ಮೇಡಂ," ಎಂದ.

ನಮ್ಮತ್ತೆ ಕಂಬಿಯ ನಡುವೆ ಮುಖ ತೂರಿಸಿದರು. "ಓಟು ಕೇಳಾಕೆ ನೀನು ಎಂಗ್ಲಾ ಏರ್ದೆ?"

ಆಮೇಲೆ ನಿಜವಾದ ಚರ್ಚೆ ಶುರುವಾಯಿತು. ಗಲಾಟೆಯೋ ಗಲಾಟೆ. ಮೋಟಾರನ್ನು ಮುಂಜಾನೆ ಬೇಗ ಹಾಕಿ, ಕೆಳಗಿನ ಬೀದಿಯ ಗೇಟ್ ವಾಲ್ವ್ ಮುಚ್ಚಿದರೆ ದಿಬ್ಬಕ್ಕೆ ನೀರು ಏರುತ್ತದೆಂದು ವಾಟರ್‌ಮನ್ನನ್ನೇ ಕರೆಸಿ ಆಪಾ ಬಾಯಿಬಿಡಿಸಿದಳು. ಕೈ ಎತ್ತಿಸಿದರು. ಎರಡು ಕೈ ಹೆಚ್ಚಾಗಿ ನಮ್ಮ ಬೀದಿ ಗೆದ್ದಿತು. ಕಾರ್ಯದರ್ಶಿ ಹಳೆಯ ಸಾಲಿಗೆ ಅಡ್ಡಗೆರೆ ಎಳೆದು ಹೊಸದು ಬರೆದರು, ಅದನ್ನೂ ಓದಿದರು. ಆಪಾ ಸಹಿ ಹಾಕಿದಳು. ಉರ್ದುವಿನಲ್ಲಿ ಹಾಕುತ್ತಾಳೆಂದು ನಾವು ಕತ್ತು ಚಾಚಿದ್ದೇ ಬಂತು. ಗುಂಡುಗುಂಡಾಗಿ ತಮಿಳಿನಲ್ಲಿ ಬರೆದಳು. ಭಾವ ಕೊನೆಯವರೆಗೂ ಗೋಡೆಗೆ ಒರಗಿ ನಿಂತಿದ್ದ, ಹೊರಟುಹೋಗಲಿಲ್ಲ. ಅವನಿಗೂ ನೋಡುವ ಆಸೆ ಇತ್ತೆಂದು ಕಾಣುತ್ತದೆ.

ಮನೆಗೆ ನಡೆಯುತ್ತಾ ಕೇಳಿದೆ: "ಭಯ ಆಗ್ಲಿಲ್ವಾ ಆಪಾ?"

"ಆ ಕುರ್ಚಿ ಏನ್ ಅಗಲ ಕಣೇ! ಕೈ ಎಲ್ಲಿಡ್ಬೇಕೋ ತಿಳೀಲೇ ಇಲ್ಲ." ನಾಲ್ಕು ಹೆಜ್ಜೆ ನಡೆದಳು. ಆಮೇಲೆ ನಿಂತುಬಿಟ್ಟಳು. "ಅಲ್ಲಾ, ಆ ಸಾರ್ ಓದಿದ್ದೇ ಬರೆದವ್ರಾ? ಬರೆದಿದ್ದೇ ಓದಿದ್ರಾ? ನಂಗೆ ಎಂಗೆ ಗೊತ್ತಾಗ್ಬೇಕು?"

ಕಿಟಕಿಯಿಂದ ನನಗೂ ಅವಳ ದಪ್ಪ ಸಹಿ ಕಂಡಿತ್ತೇ ಹೊರತು ಕಾರ್ಯದರ್ಶಿಯ ಸಣ್ಣ ಅಕ್ಷರ ಕಂಡಿರಲಿಲ್ಲ. ಸಭೆಯ ದಿನವೇ ಒಮ್ಮೆ ಬಂದಿದ್ದ ನೀರು ಮೂರನೆಯ ದಿನ ಬೆಳಗ್ಗೆ ಮತ್ತೆ ನಲ್ಲಿಯಲ್ಲಿ ಬುಸ್ಸೆಂದಾಗಲೇ ಇಬ್ಬರಿಗೂ ನಂಬಿಕೆ ಬಂದದ್ದು. ಆದರೆ ಆಪಾಗೆ ಅಷ್ಟು ಸಾಲಲಿಲ್ಲ. ಆ ಸಂಜೆಯೇ ನಾನು ಡೇರಿಗೆ ಹಾಲು ಹಾಕಿ ಬರುವುದನ್ನು ಕಾದು ನಮ್ಮ ಜಗಲಿಯಲ್ಲಿ ಕೂತಿದ್ದಳು, ತನ್ನ ಮೊಮ್ಮಕ್ಕಳ ಸ್ಲೇಟು ಹಿಡಿದು. ನಮ್ಮ ತಾತ ಕೊಟ್ಟಿಗೆಯ ಗೋಡೆ ಮೇಲೆ ಇದ್ದಿಲಿನಲ್ಲಿ ನನಗೆ ಕಲಿಸಿದ್ದ ಹಾಗೆಯೇ ನಾನೂ ಅ, ಆ ಎಂದು ಶುರುಮಾಡಿದೆ. ಆಪಾ ಬಳಪ ಹಿಡಿದ ನನ್ನ ಕೈ ತಡೆದಳು.

"ಅದೆಲ್ಲ ಆಮೇಲೆ. ಮೊದ್ಲು 'ತೀರ್ಮಾನಿಸಲಾಯಿತು' ಅಂತ ಬರೆದು ತೋರ್ಸು. ಅದು ಎಲ್ಲೆಲ್ಲಿ ಕಾಣ್ತದೋ, ಅದರ ಹಿಂದೆ ಬರೆದಿರೋದನ್ನೆಲ್ಲ ನಾನು ನೋಡ್ಕೋಬೇಕು."