ಆಡಿಯೋ ನಂಬರ್ ಹದಿನಾಲ್ಕರ ಆಂಟಿ

ತೈವಾನ್‌ನ ಹದಿಮೂರು ವರ್ಷದ ಹುಡುಗಿಯೊಬ್ಬಳು ನನ್ನ ಸುಳ್ಳನ್ನು ಹಿಡಿದುಬಿಟ್ಟಳು.

ಅವಳು ನನ್ನನ್ನು ನೋಡಿಲ್ಲ. ನಾನೂ ಅವಳನ್ನು ನೋಡಿಲ್ಲ. ನನ್ನ ಹೆಸರೂ ಅವಳಿಗೆ ಗೊತ್ತಿರಲಿಲ್ಲ. ಅವಳಿಗೆ ಸಿಕ್ಕಿದ್ದು ನನ್ನ ದನಿ ಮಾತ್ರ. ಅದೂ ನಲವತ್ತು ಸೆಕೆಂಡಿನಷ್ಟು. ಇಪ್ಪತ್ತೊಂಬತ್ತು ವರ್ಷದಿಂದ ನನ್ನ ಜೊತೆಗಿರುವ ಗಂಡನಿಗೆ ಗೊತ್ತಾಗದ್ದು ನಲವತ್ತು ಸೆಕೆಂಡಿನಲ್ಲಿ ಅವಳಿಗೆ ಗೊತ್ತಾಯಿತು. ಹೇಗೆ ಅಂತೀರಾ? ಸ್ವಲ್ಪ ಹಿಂದಿನಿಂದ ಹೇಳಬೇಕು.

ನಾನು ಟೀಚರ್ ಅನ್ನುವುದು ಈ ಅಂಕಣ ಓದುವವರಿಗೆಲ್ಲ ಗೊತ್ತು. ಸಯನ್ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಪಾಠ ಮಾಡಿದೆ. ನಿಮಗೆ ಗೊತ್ತಿಲ್ಲದ್ದು ನನ್ನ ಇನ್ನೊಂದು ಕೆಲಸ. ಎರಡು ವರ್ಷದಿಂದ ಜೋಗೇಶ್ವರಿಯ ಪುಟ್ಟ ಸ್ಟುಡಿಯೋ ಒಂದರಲ್ಲಿ ಇಂಗ್ಲಿಷ್ ಪಾಠಗಳಿಗೆ ದನಿ ಕೊಡುತ್ತಿದ್ದೇನೆ. ಚೀನೀ ಭಾಷೆ ಮಾತಾಡುವ ಶಾಲಾ ಮಕ್ಕಳಿಗಾಗಿ ಮಾಡಿದ ಅಭ್ಯಾಸ ಪುಸ್ತಕಗಳವು. ಮಕ್ಕಳು ಒಂದು ಪುಟ ಓದಬೇಕು, ಒಂದು ಆಡಿಯೋ ಕೇಳಬೇಕು, ಆಮೇಲೆ ಎ, ಬಿ, ಸಿ, ಡಿ ಎಂದು ಗುರುತು ಹಾಕಬೇಕು. ಓದಿದ್ದು, ಕೇಳಿದ್ದು ಅರ್ಥವಾಯಿತೋ ಇಲ್ಲವೋ ಅಂತ ಪರೀಕ್ಷೆ.

ನನ್ನ ಇಂಗ್ಲಿಷೇ ಯಾಕೆ ಬೇಕಾಯಿತು? ನಾನೂ ಕೇಳಿದ್ದೆ. "ಇಂಗ್ಲಿಷ್ ಮಾತಾಡೋರೆಲ್ಲ ಲಂಡನ್‌ನವರಲ್ಲ ಮ್ಯಾಡಮ್, ಮಕ್ಕಳಿಗೆ ಎಲ್ಲ ಥರದ ಇಂಗ್ಲಿಷೂ ಕೇಳಿಸಬೇಕಂತೆ" ಅಂದಿದ್ದಳು ಋತುಜಾ. ಸ್ಟುಡಿಯೋ ಅವಳದೇ. ಮೂವತ್ತು ದಾಟದ ಮರಾಠಿ ಹುಡುಗಿ. ಗಾಜಿನ ಆಚೆ ಹೆಡ್‌ಫೋನ್ ಹಾಕಿಕೊಂಡು ಕೂತಿರುತ್ತಾಳೆ. ಪಕ್ಕದಲ್ಲೇ ಸ್ಟೀಲ್ ಡಬ್ಬದ ಮುಚ್ಚಳ ಒತ್ತುವ ಕಾರ್ಖಾನೆ. ಅಲ್ಲಿ ಯಂತ್ರ ಧಡ್ ಅಂದರೆ ಇಲ್ಲಿ ನೆಲ ನಡುಗುತ್ತದೆ. ಎರಡು ಧಡ್‌ಗಳ ನಡುವೆ ನಾವು ಇಂಗ್ಲಿಷ್ ಮುಗಿಸಬೇಕು. (ನಮ್ಮ ಉಡುಪಿ ಕಡೆಯ ನಾಲಗೆ ವೇಗಕ್ಕೆ ಹೆಸರುವಾಸಿ. ಹೀಗಾಗಿ ನಡೆಯುತ್ತದೆ.)

ಈಗ ಆ ದಿನಕ್ಕೆ ಬರುತ್ತೇನೆ.

ಕಳೆದ ಏಪ್ರಿಲ್ ಕೊನೆಯಲ್ಲಿ ನಮ್ಮ ಶಾಲೆಯ ಕನ್ನಡ ವಿಭಾಗ ಮುಚ್ಚಿತು. ಯಾರನ್ನೂ ದೂರುವ ಹಾಗಿಲ್ಲ. ಒಂದನೇ ಕ್ಲಾಸಿಗೆ ಮಕ್ಕಳು ಬರುವುದು ನಿಂತು ಕೆಲವು ವರ್ಷಗಳೇ ಆಗಿದ್ದವು. ಕೊನೆಗೆ ಉಳಿದದ್ದು ಏಳನೇ ಕ್ಲಾಸಿನ ಏಳು ಮಕ್ಕಳು. ಹೆಚ್ಚಿನವರು ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಇಲ್ಲಿ ಕಟ್ಟಡದ ಕೆಲಸ ಮಾಡುವವರ ಮಕ್ಕಳು. (ನನ್ನ ಮಗನನ್ನು ಯಾವ ಮೀಡಿಯಂಗೆ ಹಾಕಿದ್ದೆ? ಇಂಗ್ಲಿಷ್ ಮೀಡಿಯಂಗೆ. ಮುಂದೆ ಕೇಳಬೇಡಿ.)

ಆ ದಿನ ಬೆಳಿಗ್ಗೆ ಹಾಜರಿ ಪುಸ್ತಕ, ಕಪಾಟಿನ ಕೀಲಿಕೈ, ಕಾಲು ಮುರಿದ ಒಂದು ಗ್ಲೋಬ್ ಆಫೀಸಿಗೆ ಒಪ್ಪಿಸಿದೆ. "ಬೇಜಾರಿಲ್ಲವಲ್ಲ ಟೀಚರ್?" ಎಂದರು ಹೆಡ್‌ಮಾಸ್ಟರ್. "ಛೇ, ಬೇಜಾರೆಂತದ್ದು!" ಎಂದೆ. ನಕ್ಕೆ ಕೂಡ. ಸಯನ್‌ನಲ್ಲಿ ಲೋಕಲ್ ರೈಲು ಹತ್ತಿ, ದಾದರ್‌ನಲ್ಲಿ ಬದಲಿಸಿ ಸೀದಾ ಜೋಗೇಶ್ವರಿಗೆ ಹೋದೆ. ಮೊದಲೇ ಒಪ್ಪಿಕೊಂಡಿದ್ದ ರೆಕಾರ್ಡಿಂಗ್ ಇತ್ತು.

ಆಡಿಯೋ ನಂಬರ್ ಹದಿನಾಲ್ಕು. ಹೆಲೆನ್ ಎಂಬ ಆಂಟಿ ಅಣ್ಣನ ಮಗಳಿಗೆ ಫೋನಿನಲ್ಲಿ ಮೆಸೇಜ್ ಬಿಡುತ್ತಾಳೆ. ಸಾಮಾನೆಲ್ಲ ಪ್ಯಾಕ್ ಆಯಿತು. ಮನೆ ಈಗ ಎಷ್ಟು ದೊಡ್ಡದಾಗಿ ಕಾಣುತ್ತಿದೆ! ನಿನ್ನ ಊರಿಗೆ ಬಂದು ಇರಲು ನನಗೆ ತುಂಬಾ ಖುಷಿ. ಐದು ಗಂಟೆಗೆ ಸ್ಟೇಷನ್‌ಗೆ ಬಾ. ಇಷ್ಟೇ. ಆಮೇಲೆ ಪ್ರಶ್ನೆ: ಆಂಟಿಗೆ ಹೇಗನ್ನಿಸುತ್ತಿದೆ? ಎ, ಖುಷಿ. ಬಿ, ಕೋಪ. ಸಿ, ಹಸಿವು. ಡಿ, ನಿದ್ದೆ.

ಯಾವಾಗಲೂ ಮೂರು ಸಲ ಓದಿಸುವ ಋತುಜಾ ಅವತ್ತು ಒಂದೇ ಸಲಕ್ಕೆ "ಪರ್ಫೆಕ್ಟ್ ಮ್ಯಾಡಮ್!" ಎಂದಳು. ಪಕ್ಕದ ಯಂತ್ರ ಮತ್ತೆ ಶುರುವಾಗುವ ಹೊತ್ತಾಗಿತ್ತು.

ಸಂಜೆ ಮನೆಗೆ ಬಂದೆ. ನನ್ನ ಗಂಡ ದಾದರ್‌ನ ಹೋಟೆಲೊಂದರಲ್ಲಿ ಮ್ಯಾನೇಜರ್. ಗಲ್ಲಾದಲ್ಲಿ ಕೂತೇ ಅಡುಗೆಮನೆಯ ಗ್ರೈಂಡರಿನ ಬೆಲ್ಟ್ ಸಡಿಲಾದದ್ದು ಅವರಿಗೆ ಕೇಳಿಸುತ್ತದೆ. ಅಂಥ ಕಿವಿ. ಶಾಲೆಯ ಕೊನೆಯ ದಿನ ಅದೆಂದು ಅವರಿಗೂ ಗೊತ್ತಿತ್ತು. "ಎಂತ ಆಯ್ತು ಇವತ್ತು?" ಎಂದರು. "ಎಂತ ಇಲ್ಲ" ಎಂದೆ. "ಸರಿ" ಎಂದರು. ಊಟ ಮಾಡಿದೆವು.

ಆ ವಾರ ಇದೇ ಅಂಕಣದಲ್ಲಿ ನಾನು ಮಾವಿನಹಣ್ಣಿನ ಬಗ್ಗೆ ಬರೆದಿದ್ದೆ. ನಿಮಗೂ ಹೇಳಲಿಲ್ಲ.

ಮೂರೂವರೆ ತಿಂಗಳು ಕಳೆಯಿತು. ಒಂದು ಮಧ್ಯಾಹ್ನ ಋತುಜಾಳ ಫೋನು. "ಮ್ಯಾಡಮ್, ಒಂದು ವಿಚಿತ್ರ ಮೇಲ್ ಬಂದಿದೆ."

ತೈವಾನ್‌ನ ತೈನಾನ್ ಎಂಬ ಊರಿನ ಶಾಲೆಯೊಂದರಲ್ಲಿ ಆ ಪುಸ್ತಕದಿಂದಲೇ ಪರೀಕ್ಷೆ ಇಟ್ಟಿದ್ದರಂತೆ. ಯೂ-ಟಿಂಗ್ ಎಂಬ ಹುಡುಗಿ ಹದಿನಾಲ್ಕನೇ ಆಡಿಯೋಕ್ಕೆ ಎ ಎಂದು ಗುರುತು ಹಾಕಲಿಲ್ಲ. ಬಿ, ಸಿ, ಡಿ ಕೂಡ ಹಾಕಲಿಲ್ಲ. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಪುಟ್ಟದಾಗಿ ಇಂಗ್ಲಿಷಿನಲ್ಲಿ ಬರೆದಿದ್ದಳು. ಅದರ ಕನ್ನಡ ಹೀಗೆ: "ಖುಷಿ ಅನ್ನುತ್ತಾಳೆ. ಆದರೆ 'ಮನೆ' ಅನ್ನುವ ಮೊದಲು ನಿಲ್ಲುತ್ತಾಳೆ. ಯಾರಾದರೂ ಕೇಳಲಿ ಅಂತ ಕಾಯುತ್ತಿದ್ದಾಳೆ."

ಉತ್ತರ ತಪ್ಪು. ಸೊನ್ನೆ. ಆ ಒಂದು ಮಾರ್ಕ್ ಕಡಿಮೆಯಾಗಿ ಅವಳು ಮೇಲಿನ ಗುಂಪಿಗೆ ಹೋಗುವುದು ತಪ್ಪಿತು. ಹುಡುಗಿ ಸುಮ್ಮನಾಗಲಿಲ್ಲ. ಟೀಚರ್ ಹತ್ತಿರ ಹೋಗಿ "ಇನ್ನೊಮ್ಮೆ ಕೇಳಿ" ಎಂದಳಂತೆ. ಆ ಟೀಚರ್ ಮೂರು ಸಲ ಕೇಳಿದರು. ಅನುಮಾನ ಬಂತು. ಪ್ರಕಾಶಕರಿಗೆ ಬರೆದರು. ಪ್ರಕಾಶಕರು ಋತುಜಾಗೆ ಬರೆದರು. ಈಗ ಪ್ರಶ್ನೆ ನನ್ನ ಮುಂದೆ: ಓದುವಾಗ ನಿಮ್ಮ ಮನಸ್ಸಿನಲ್ಲಿದ್ದ ಭಾವ ಯಾವುದು? ದಯವಿಟ್ಟು ತಿಳಿಸಿ.

"ಮ್ಯಾಡಮ್, 'ಎ' ಬೋಲ್ ದೋ ನಾ, 'ಎ' ಅಂತ ಹೇಳಿಬಿಡಿ. ಖತಮ್" ಎಂದಳು ಋತುಜಾ. "ಇಲ್ಲಾಂದ್ರೆ ಸರಿಯಿಲ್ಲದ ರೆಕಾರ್ಡಿಂಗ್ ಕಳಿಸಿದ್ದೀರಿ ಅಂತಾರೆ. ಮುಂದಿನ ಪುಸ್ತಕ ನಮಗೆ ಕೊಡ್ತಾರೋ ಇಲ್ವೋ."

ಅವಳ ಮಾತಿನಲ್ಲಿ ತಪ್ಪೇನಿದೆ? ಸ್ಟುಡಿಯೋ ಅವಳ ಹೊಟ್ಟೆಪಾಡು. ನಾಳೆ ಹೇಳುತ್ತೇನೆ ಎಂದು ಫೋನಿಟ್ಟೆ. ಅವಳು ಕಳಿಸಿದ ಆಡಿಯೋ ಹಾಕಿದೆ.

ನನ್ನ ದನಿಯನ್ನು ನಾನೇ ಕೇಳುವುದು ನನಗೆ ಯಾವತ್ತೂ ಹಿಡಿಸದ ಕೆಲಸ. ಆದರೂ ಕೇಳಿದೆ. ಸಾಮಾನೆಲ್ಲ ಪ್ಯಾಕ್ ಆಯಿತು ಎನ್ನುವವರೆಗೆ ಎಲ್ಲ ಸರಿ. ಆಮೇಲೆ 'ಮನೆ' ಎನ್ನುವ ಮೊದಲು ಒಂದು ಸಣ್ಣ ಖಾಲಿ ಜಾಗ. ಅರ್ಧ ಸೆಕೆಂಡೂ ಇಲ್ಲ. ಉಸಿರು ಒಳಗೆ ಹೋಗಿ ಅಲ್ಲೇ ಸಿಕ್ಕಿಕೊಂಡಿದೆ. ಅದಾದ ಮೇಲಿನ 'ತುಂಬಾ ಖುಷಿ' ಬೇಕಾದ್ದಕ್ಕಿಂತ ಜೋರಾಗಿದೆ.

ಒಗ್ಗರಣೆಗೆ ಇಟ್ಟ ಎಣ್ಣೆ ಹೊಗೆಯಾಡುತ್ತಿತ್ತು. ಗ್ಯಾಸ್ ಆರಿಸಿ ಅಲ್ಲೇ ಸ್ಟೂಲಿನ ಮೇಲೆ ಕೂತೆ. ಮೂರೂವರೆ ತಿಂಗಳು ಬಾರದ ಅಳು ಆಗ ಬಂತು.

ಅಳು ನಿಂತ ಮೇಲೆ ನೆನಪಾದದ್ದು ಇನ್ನೊಂದು ಉತ್ತರ. ಎಷ್ಟೋ ವರ್ಷದ ಹಿಂದೆ ನಮ್ಮದೇ ಕ್ಲಾಸಿನ ಪರೀಕ್ಷೆಗೆ ನಾನೇ ಒಂದು ಚಿಕ್ಕ ಕತೆ ಬರೆದುಕೊಟ್ಟಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಅಜ್ಜ ತನ್ನ ಶಾಲನ್ನು ಮೊಮ್ಮಗನಿಗೆ ಹೊದಿಸಿ ಕಳಿಸುತ್ತಾನೆ. ಪ್ರಶ್ನೆ: ಅಜ್ಜ ಶಾಲು ಕೊಟ್ಟದ್ದು ಯಾಕೆ? ಚಳಿ ಇತ್ತು ಎನ್ನುವುದು ನನ್ನ ಉತ್ತರ. ಒಂದು ಮಗು ಬರೆದಿತ್ತು: "ಇನ್ನೊಮ್ಮೆ ಸಿಗುತ್ತೇನೋ ಇಲ್ಲವೋ ಅಂತ." ನಾನು ಕೆಂಪು ಗೀಟು ಎಳೆದಿದ್ದೆ. ಆ ಮಗು ಯಾರು? ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ಗೀಟು ಮಾತ್ರ ಚೆನ್ನಾಗಿ ನೆನಪಿದೆ.

ಇಪ್ಪತ್ತಾರು ವರ್ಷದಲ್ಲಿ ಎಷ್ಟು ಯೂ-ಟಿಂಗ್‌ಗಳು ನನ್ನ ಕೈಕೆಳಗೆ ಸೊನ್ನೆ ತಗೊಂಡಿರಬೇಕು?

ಮರುದಿನ ಋತುಜಾಗೆ ಮೊದಲು ಫೋನ್ ಮಾಡಿದೆ. ಸುಳ್ಳು ಬರೆಯಲಾರೆ ಎಂದೆ. ಶಾಲೆಯ ವಿಷಯ ಹೇಳಿದೆ. "ಆ ದಿನ ನಾನೂ ಹೆಡ್‌ಫೋನ್ ಹಾಕ್ಕೊಂಡಿದ್ದೆ ಮ್ಯಾಡಮ್. ಬರೀ ಯಂತ್ರದ ಸದ್ದಿಗೆ ಕಿವಿ ಕೊಟ್ಟಿದ್ದೆ" ಎಂದಳು. ಆಮೇಲೆ, "ಬರೀರಿ. ನೋಡೋಣ."

ಬರೆದೆ. ಪುಸ್ತಕದ ಪ್ರಕಾರ ಉತ್ತರ ಎ. ಆದರೆ ಆ ದಿನ ಬೆಳಿಗ್ಗೆ ನನ್ನ ಶಾಲೆ ಮುಚ್ಚಿತ್ತು. ನನಗಾದ ನೋವನ್ನು ನಾನು ಯಾರಿಗೂ ಹೇಳಿರಲಿಲ್ಲ. ಹುಡುಗಿ ಸರಿಯಾಗಿಯೇ ಕೇಳಿಸಿಕೊಂಡಿದ್ದಾಳೆ. ತಪ್ಪು ಅವಳದಲ್ಲ, ನನ್ನದು. ಅವಳ ಮಾರ್ಕ್ ಅವಳಿಗೆ ಕೊಡಿ.

ಕಳಿಸಿದ್ದಾಯಿತು. ಆಮೇಲೆ ಮನೆಯಲ್ಲಿ ಹೇಳದೆ ಇರಲು ಆಗುತ್ತದೆಯೇ? ತೈನಾನ್‌ಗೆ ಗೊತ್ತಾದ ವಿಷಯ ಸಯನ್‌ಗೆ ಗೊತ್ತಾಗಬೇಡವೇ? ಗಂಡನ ವಾರದ ರಜೆಯ ದಿನ ಚಹಾ ಕೊಟ್ಟು ಎಲ್ಲ ಹೇಳಿದೆ.

"ಆ ದಿನ ನಾನು ಕೇಳಿದೆನಲ್ಲ ಮಾರಾಯ್ತಿ, ನೀನೇ ಎಂತ ಇಲ್ಲ ಅಂದದ್ದು" ಎಂದರು.

"ಒಂದೇ ಸಲ ಕೇಳಿದ್ದು ನೀವು."

ಅವರು ಜಗಳ ಮಾಡಲಿಲ್ಲ. ಫೋನ್ ಕೊಡು ಎಂದರು. ಆಡಿಯೋ ಒಂದು ಸಲ ಕೇಳಿದರು. ಎರಡನೇ ಸಲ ಫೋನನ್ನು ಕಿವಿಗೆ ಒತ್ತಿ ಹಿಡಿದು ಕೇಳಿದರು. ಚಹಾ ತಣ್ಣಗಾಯಿತು. ಆಮೇಲೆ ನಾನು ನಿರೀಕ್ಷಿಸದ ಒಂದು ಪ್ರಶ್ನೆ ಕೇಳಿದರು.

"ಆ ಏಳು ಮಕ್ಕಳು ಈಗ ಎಲ್ಲಿದ್ದಾರೆ?"

ನನಗೆ ಗೊತ್ತಿರಲಿಲ್ಲ. ನನ್ನ ದುಃಖವನ್ನು ಅಷ್ಟು ಜೋಪಾನವಾಗಿ ಮುಚ್ಚಿಟ್ಟುಕೊಂಡಿದ್ದ ನಾನು ಅವರನ್ನು ಹೇಗಿದ್ದೀರಿ ಎಂದು ಒಂದು ಸಲವೂ ವಿಚಾರಿಸಿರಲಿಲ್ಲ.

ಮಾರನೆಯ ದಿನವೇ ಹೊರಟೆ. ಇನ್ನೊಂದು ದಿನ ರಜೆ ಹಾಕಿ ಇವರೂ ಜೊತೆಗೆ ಬಂದರು. ಎರಡು ಮನೆಯವರು ಊರಿಗೆ ವಾಪಸಾಗಿದ್ದರು. ಒಬ್ಬನ ವಿಳಾಸ ಸಿಗಲಿಲ್ಲ. ನಾಲ್ವರು ಸಿಕ್ಕರು. ನಾಲ್ವರೂ ಹತ್ತಿರದ ಇಂಗ್ಲಿಷ್ ಮೀಡಿಯಂ ಶಾಲೆ ಸೇರಿದ್ದರು. ರೇಣುಕಾ ಎಂಬ ಹುಡುಗಿಯ ತಾಯಿ ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡರು. "ಬಂದ್ರಿ ಬಾಯಾರ? ಈಕಿ ಸಾಲಿಗೆ ಹೋಗ್ತಾಳ, ಬರ್ತಾಳ. ಮಾತಽ ಆಡವಲ್ಲಳ್ರಿ."

ರೇಣುಕಾ ಇಂಗ್ಲಿಷ್ ಪುಸ್ತಕ ತಂದು ಓದಿ ತೋರಿಸಿದಳು. ನಿಧಾನವಾಗಿ, ಆದರೆ ತಪ್ಪಿಲ್ಲದೆ. "ಓದಿದ್ದು ತಿಳೀತೈತ್ರಿ ಟೀಚರ್. ಅವರು ಮಾತಾಡಿದ್ದು ತಿಳಿಯಂಗಿಲ್ಲ. ಗಾಡಿ ಹೋದಂಗ ಹೋಗಿಬಿಡತೈತಿ."

ಇದಕ್ಕೆ ಮದ್ದು ನನ್ನ ಹತ್ತಿರವೇ ಇದೆಯಲ್ಲ ಅಂದುಕೊಂಡೆ. ಎರಡು ವರ್ಷ ದೂರದೇಶದ ಮಕ್ಕಳಿಗೆ ಕೇಳಿಸಿದ್ದನ್ನು ಇಲ್ಲಿನ ಮಕ್ಕಳಿಗೆ ಕೇಳಿಸಲು ಏನು ಅಡ್ಡಿ? ಋತುಜಾ ಪ್ರಕಾಶಕರಿಗೆ ಬರೆದು ಒಪ್ಪಿಗೆ ತರಿಸಿದಳು. ಶನಿವಾರ ಮಧ್ಯಾಹ್ನ ನಮ್ಮ ಮನೆಯ ಹಾಲ್‌ನಲ್ಲಿ ನಾಲ್ಕು ಮಕ್ಕಳು, ಒಂದು ಸ್ಪೀಕರ್. ಇವರು ಹೋಟೆಲಿನಿಂದ ನಮ್ಮ ಕಡೆಯ ಖಾರದ ತಿಂಡಿ ಬಿಸ್ಕೂಟ್ ರೊಟ್ಟಿ ಕಳಿಸುತ್ತಾರೆ.

ಒಪ್ಪಿಗೆಯ ಮೇಲ್‌ನಲ್ಲೇ ಆ ಇನ್ನೊಂದು ವಿಷಯಕ್ಕೂ ಉತ್ತರ ಇತ್ತು. ಯೂ-ಟಿಂಗ್‌ಗೆ ಮಾರ್ಕ್ ಕೊಟ್ಟರು. ಅವಳು ಮೇಲಿನ ಗುಂಪಿಗೆ ಹೋದಳು. ನನ್ನ ರೆಕಾರ್ಡಿಂಗನ್ನು ತೆಗೆದುಹಾಕಲಿಲ್ಲ. ಎರಡನೇ ಹಂತದ ಪುಸ್ತಕದಿಂದ ಐದನೇ ಹಂತದ ಪುಸ್ತಕಕ್ಕೆ ಏರಿಸಿದರು! ಪ್ರಶ್ನೆ ಬದಲಾಗಿದೆ: ಆಂಟಿ ಹೇಳದೆ ಬಿಟ್ಟದ್ದು ಏನು? ಎ, ಬಿ, ಸಿ, ಡಿ ಇಲ್ಲ. ನಾಲ್ಕು ಖಾಲಿ ಗೆರೆಗಳಿವೆ. (ಬಡ್ತಿ ಸಿಕ್ಕಿದ್ದು ನನಗೋ, ನನ್ನ ಅರ್ಧ ಸೆಕೆಂಡಿಗೋ? ಗೊತ್ತಿಲ್ಲ. ಋತುಜಾ ಮಾತ್ರ ಪೇಢೆ ಹಂಚಿದಳು. ಮುಂದಿನ ಪುಸ್ತಕವೂ ಅವಳಿಗೇ ಸಿಕ್ಕಿದೆ.)

ಜೊತೆಗೆ ಹನ್ನೊಂದು ಸೆಕೆಂಡಿನ ಒಂದು ವಾಯ್ಸ್ ಮೆಸೇಜ್. ಒಂದೊಂದೇ ಪದವನ್ನು ಜೋಡಿಸಿಟ್ಟ ಇಂಗ್ಲಿಷ್. "ಹಲೋ ಆಂಟಿ ಹೆಲೆನ್. ನಾನು ಯೂ-ಟಿಂಗ್. ಈಗ ನೀವು ಚೆನ್ನಾಗಿದ್ದೀರಾ?"

ನನ್ನ ಹೆಸರು ಹೆಲೆನ್ ಅಲ್ಲ ಎಂದು ತಿದ್ದಲಿಲ್ಲ. ಚೆನ್ನಾಗಿದ್ದೇನೆ, ನಾಲ್ಕು ಮಕ್ಕಳು ವಾಪಸ್ ಸಿಕ್ಕಿದ್ದಾರೆ ಎಂದು ಹೇಳಿ ಕಳಿಸಿದೆ. ಈ ಸಲ ಎಲ್ಲಿಯೂ ಉಸಿರು ಸಿಕ್ಕಿಕೊಳ್ಳಲಿಲ್ಲ. ಸಿಕ್ಕಿಕೊಂಡಿದ್ದರೆ ಅವಳು ಬಿಡುತ್ತಿರಲಿಲ್ಲ.

ಕಳೆದ ಶನಿವಾರ ಮಕ್ಕಳಿಗೆ ಒಂದು ಹೊಸ ಆಡಿಯೋ ಹಾಕಿದೆ. ರೈಲಿನಲ್ಲಿ ಛತ್ರಿ ಮರೆತ ಮುದುಕನೊಬ್ಬ ವಿಚಾರಿಸಲು ಕೌಂಟರಿಗೆ ಬಂದಿದ್ದಾನೆ. ಛತ್ರಿ ಎಂಥದು, ಎಲ್ಲಿ ಕೊಂಡದ್ದು, ಯಾವ ಮಳೆಯಲ್ಲಿ ಹಿಡಿದದ್ದು ಎಂದು ಒಂದೇ ಸಮ ಹೇಳುತ್ತಿದ್ದಾನೆ. ಪ್ರಶ್ನೆ: ಛತ್ರಿಯ ಬಣ್ಣ ಯಾವುದು? ಎ, ಕಪ್ಪು. ಬಿ, ನೀಲಿ. ಸಿ, ಹಸಿರು.

ನಾಲ್ಕು ವಾರದಿಂದ ಪಾಠದ ಹೊತ್ತಿನಲ್ಲಿ ಬಾಯಿ ಬಿಡದ ರೇಣುಕಾ ಕೈಯೆತ್ತಿದಳು.

"ಟೀಚರ್, ಅಂವಗ ಛತ್ರಿ ಬೇಕಾಗಿಲ್ರಿ. ಮಾತಾಡಾಕ ಯಾರರೆ ಬೇಕಾಗ್ಯಾರ."

ನಾನು ಆಡಿಯೋ ನಿಲ್ಲಿಸಿದೆ. "ಹೌದಲ್ಲ!" ಎಂದೆ. "ಮತ್ತೆ ಬಣ್ಣ ಯಾವುದಮ್ಮ?"

"ಅದು ತಿಳೀಲಿಲ್ರಿ" ಎಂದು ನಕ್ಕಳು.

ಬಣ್ಣವನ್ನು ನಾನು ಕಲಿಸಬಲ್ಲೆ. ಇನ್ನೊಂದನ್ನು ಅವಳಿಗೆ ಕಲಿಸಿದವರು ಯಾರು?