ಹೊಸ ಸೀಟ್ ಕವರ್

ಇಂಥ ಸಂಗತಿಗಳನ್ನು ಯಾರಾದರೂ ಹೇಳಲು ಶುರುಮಾಡಿದರೆ ಎದ್ದು ಕಾಫಿಗೆ ಹೋಗುತ್ತಿದ್ದವನು ನಾನು. ನನ್ನ ಕೆಲಸವೂ ಅಂಥದ್ದೇ. ಪೀಣ್ಯದಲ್ಲಿ ತಯಾರಾಗುವ ಪ್ಯಾಕಿಂಗ್ ಯಂತ್ರಗಳನ್ನು ಇಲ್ಲಿನ, ಪರದೇಶದ ಬಿಸ್ಕತ್ತಿನ, ಟೀಪುಡಿಯ ಕಾರ್ಖಾನೆಗಳಲ್ಲಿ ಜೋಡಿಸಿಕೊಟ್ಟು, ಕೆಟ್ಟರೆ ಹೋಗಿ ಸರಿಮಾಡಿ ಬರುತ್ತೇನೆ. ನಿಂತ ಯಂತ್ರಕ್ಕೆ ಒಂದು ಕಾರಣ ಇದ್ದೇ ಇರುತ್ತದೆ. ಸಿಗಲಿಲ್ಲ ಎಂದರೆ ನಾವು ಸರಿಯಾಗಿ ಹುಡುಕಿಲ್ಲ ಎಂದರ್ಥ. ದೆವ್ವ, ಗಾಳಿ ಎಂದವರನ್ನು ಎದುರಿಗೇ ಗೇಲಿ ಮಾಡಿದ್ದೇನೆ. ಆದ್ದರಿಂದ ಈಗ ಹೇಳುವುದನ್ನು ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನಂಬದಿದ್ದರೆ ನನಗೂ ಒಂದು ಥರ ಸಮಾಧಾನವೇ. ಇನ್ನೊಂದು ಮಾತು. ಇದು ನಡೆದದ್ದು ಕತ್ತಲಲ್ಲಿ ಅಲ್ಲ. ಬೆಳಗಿನ ಬಿಸಿಲಿನಲ್ಲಿ, ಹೆಬ್ಬಾಳದ ಫ್ಲೈಓವರ್ ಮೇಲೆ, ಸುತ್ತಮುತ್ತ ಎಲ್ಲರೂ ಹಾರನ್ ಹೊಡೆಯುತ್ತಿದ್ದಾಗ.

ಮೊದಲು ನನ್ನ ತಮ್ಮನ ವಿಷಯ ಹೇಳಬೇಕು. ಅಪ್ಪ ಜಾಲಹಳ್ಳಿಯ ಕಾರ್ಖಾನೆಯಲ್ಲಿದ್ದಾಗ ಮತ್ತಿಕೆರೆಯಲ್ಲಿ ಕಟ್ಟಿಸಿದ ಮನೆ ನಮ್ಮದು. ಅಪ್ಪ ತೀರಿಕೊಂಡ ಮೇಲೂ ಅಮ್ಮ, ನಾನು, ನನ್ನ ಹೆಂಡತಿ, ತಮ್ಮ ಮಂಜು ಒಟ್ಟಿಗೇ ಇದ್ದೆವು. ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ಮಂಜು ಊಟ ಮುಗಿಸಿ, ಬ್ಯಾಗು ಹೆಗಲಿಗೆ ಹಾಕಿಕೊಂಡು, "ಬರ್ತೀನಮ್ಮ, ಎರಡು ದಿನ" ಎಂದು ಹೇಳಿ ಆಟೊ ಹತ್ತಿದ. ಜಗಳವಿಲ್ಲ, ಮನಸ್ತಾಪವಿಲ್ಲ, ಪ್ರೇಮ ಗೀಮದ ಗಲಾಟೆಯಿಲ್ಲ. ಯಶವಂತಪುರ ಸ್ಟೇಷನ್ ಹತ್ತಿರ ಇಳಿಸಿದೆ ಎಂದು ಆಟೊದವನು ಪೊಲೀಸರ ಮುಂದೆ ಹೇಳಿದ. ಅಲ್ಲಿಂದಾಚೆಗೆ ಮಂಜುವಿನ ಸುಳಿವಿಲ್ಲ. ಅವನ ಫೋನ್ ಆವತ್ತೇ ಸ್ವಿಚ್ ಆಫ್ ಆದದ್ದು.

ಅಂದರೆ ನನ್ನ ತಮ್ಮನನ್ನು ಕಡೆಯದಾಗಿ ನೋಡಿದವನು ಒಬ್ಬ ಡ್ರೈವರ್. ಅವನನ್ನು ಎಷ್ಟೋ ಸಲ ಹುಡುಕಿಕೊಂಡು ಹೋಗಿ ಪೀಡಿಸಿದ್ದೇನೆ. ಪಾಪ, ಅವನಿಗೆ ನೆನಪಿದ್ದದ್ದು ಇಷ್ಟೇ: "ಚಪ್ಲಿ ಬಿಟ್ಟು, ಕಾಲು ಮಡಚ್ಕೊಂಡು ಕೂತಿದ್ರು ಸರ್." ಅದು ಖಂಡಿತ ಮಂಜುವೇ. ಯಾವ ಗಾಡಿ ಹತ್ತಿದರೂ ಒಂದು ಕಾಲನ್ನು ಸೀಟಿನ ಮೇಲೆ ಮಡಚಿಟ್ಟುಕೊಂಡೇ ಅವನು ಕೂರುತ್ತಿದ್ದದ್ದು. ಬಸ್ಸಿನಲ್ಲೂ ಹಾಗೆಯೇ. ಅಮ್ಮ ಮೊಣಕಾಲಿಗೊಂದು ಏಟು ಹಾಕಿ ಇಳಿಸುತ್ತಿದ್ದಳು. ಸ್ವಲ್ಪ ಹೊತ್ತಿಗೆ ಕಾಲು ಮತ್ತೆ ಮೇಲೆ.

ಅಂದಿನಿಂದ ಡ್ರೈವರ್‌ಗಳ ಜೊತೆ ಮಾತಾಡುವುದು ನನಗೊಂದು ಚಟವಾಯಿತು. ಊರಿನಲ್ಲಿ ಯಾವ ಗಾಡಿ ಹತ್ತಿದರೂ ಮೊಬೈಲ್‌ನಲ್ಲಿರುವ ಮಂಜುವಿನ ಫೋಟೊ ತೋರಿಸಿ ಕೇಳುತ್ತಿದ್ದೆ. ಪರದೇಶದಲ್ಲಿ ಕೇಳಿ ಏನು ಪ್ರಯೋಜನ ಎಂದು ನೀವು ಕೇಳಬಹುದು. ಪ್ರಯೋಜನವಿಲ್ಲ. ಅಲ್ಲೂ ತೋರಿಸುತ್ತಿದ್ದೆ.

ಹೀಗಾಗಿ ಬೇರೆಯವರು ಪರದೇಶಕ್ಕೆ ಹೋಗಿ ಅರಮನೆ, ಸಮುದ್ರ ನೋಡಿಕೊಂಡು ಬಂದರೆ ನಾನು ಟ್ಯಾಕ್ಸಿ ನೋಡಿಕೊಂಡು ಬಂದೆ. ಬ್ಯಾಂಕಾಕಿನಲ್ಲಿ ಗುಲಾಬಿ ಬಣ್ಣದ ಟ್ಯಾಕ್ಸಿಗಳು; ಗಾಜಿನ ಹತ್ತಿರ ಸಾಲಾಗಿ ಪುಟ್ಟ ಪುಟ್ಟ ಬುದ್ಧರು, ಕನ್ನಡಿಗೆ ಹೂವಿನ ಹಾರ, ಮೀಟರ್ ಹಾಕಪ್ಪಾ ಎಂದರೆ ನಮ್ಮವರ ಹಾಗೆಯೇ ಆಕಾಶ ನೋಡುವ ಡ್ರೈವರ್. ಕೌಲಾಲಂಪುರದಲ್ಲಿ ಆ್ಯಪ್‌ನಲ್ಲಿ ಬುಕ್ ಮಾಡಿದರೆ ಡ್ರೈವರ್ ತುಟಿಪಿಟಿಕ್ಕೆನ್ನದೆ ಬಂದು ನಿಲ್ಲುತ್ತಾನೆ. ನಮ್ಮಲ್ಲಿ ಮೊದಲು ಫೋನ್ ಬರುತ್ತದೆ. "ಡ್ರಾಪ್ ಎಲ್ಲಿ ಸರ್? ಕ್ಯಾಷಾ, ಆನ್‌ಲೈನಾ?" ವಿಚಾರಣೆ ಮುಗಿದು, ಅವನು ಕ್ಯಾನ್ಸಲ್ ಮಾಡಿ, ನಾವು ಇನ್ನೊಂದು ಬುಕ್ ಮಾಡುವಷ್ಟರಲ್ಲಿ ಅಲ್ಲಿಯವರು ಮನೆ ಸೇರಿರುತ್ತಾರೆ.

ಕೊಲಂಬೊದ ಆಟೊದವರು ಮೆದು ಸ್ವಭಾವದವರು. ಅಲ್ಲಿ ಒಬ್ಬ, ನಾನು ಹತ್ತಿ ಕೂತ ಮೇಲೆ ಹಿಂದೆ ತಿರುಗಿ ಸೀಟನ್ನು ಮೆಲ್ಲಗೆ ತಟ್ಟಿ, ಆ ಕಡೆ ಸರಿದು ಕೂತುಕೊಳ್ಳಿ ಎಂದು ಸನ್ನೆ ಮಾಡಿದ. ಬಿಸಿಲು ತಾಗದಿರಲಿ ಎಂದು ಹೇಳುತ್ತಿದ್ದಾನೆ ಎಂದುಕೊಂಡು ಸರಿದೆ. ಟೋಕಿಯೊದಲ್ಲಿ ಟ್ಯಾಕ್ಸಿಯ ಬಾಗಿಲನ್ನು ನಾವು ಮುಟ್ಟುವ ಹಾಗಿಲ್ಲ. ಬಿಳಿ ಕೈಗವಸಿನ ಡ್ರೈವರ್ ತನ್ನ ಜಾಗದಿಂದಲೇ ತೆಗೆಯುತ್ತಾನೆ, ಮುಚ್ಚುತ್ತಾನೆ. ನಾನು ಕೂತು ಬೆಲ್ಟ್ ಹಾಕಿಕೊಂಡ ಮೇಲೂ ಆ ಮುದುಕಪ್ಪ ಬಾಗಿಲನ್ನು ತೆರೆದೇ ಇಟ್ಟಿದ್ದ. ಆಮೇಲೆ ತಲೆಬಾಗಿಸಿ ಏನೋ ಹೇಳಿ ಮುಚ್ಚಿದ. ಹನೋಯಿಯಲ್ಲಿ ಬೈಕ್ ಟ್ಯಾಕ್ಸಿಗಳೇ ಜಾಸ್ತಿ. ಕರೆಸಿದ ಬೈಕಿನವನು ನನ್ನನ್ನು ನೋಡಿ, ಪಕ್ಕಕ್ಕೆ ನೋಡಿ, ಒಂದು ಬೆರಳೆತ್ತಿ ತೋರಿಸಿ ಆಗುವುದಿಲ್ಲ ಎಂದು ತಲೆಯಾಡಿಸಿದ. ಬ್ಯಾಗು ದೊಡ್ಡದಾಯಿತು ಎನ್ನುತ್ತಿದ್ದಾನೆಂದು ನಾನು ಕಾರು ಕರೆಸಿಕೊಂಡೆ.

ಇವನ್ನೆಲ್ಲ ಸೇರಿಸಿ ನಾನೊಂದು ಸಿದ್ಧಾಂತವನ್ನೇ ಮಾಡಿಕೊಂಡಿದ್ದೆ. ಒಂದೊಂದು ದೇಶದ ಡ್ರೈವರಿಗೂ ಒಂದೊಂದು ಮರ್ಯಾದೆಯ ಕ್ರಮ ಇರುತ್ತದೆ, ಭಾಷೆ ಬಾರದಿದ್ದರೂ ನೋಡುವ ಕಣ್ಣಿದ್ದರೆ ಅರ್ಥವಾಗುತ್ತದೆ ಎಂದು ಕ್ಯಾಂಟೀನಿನಲ್ಲಿ ಭಾಷಣ ಬಿಗಿಯುತ್ತಿದ್ದೆ. ನನ್ನ ಸಹೋದ್ಯೋಗಿಗಳು ಟೀ ಮುಗಿಯುವವರೆಗೆ ಕೇಳುತ್ತಿದ್ದರು.

ಎರಡನೆಯ ಸಲ ಹನೋಯಿಯ ಕೆಲಸಕ್ಕೆ ಹೊರಡುವ ಮುಂಚೆ ಮನೆಯಲ್ಲಿ ಒಂದು ಮಾತು ಎದ್ದಿತ್ತು. ಯಲಹಂಕದಲ್ಲಿ ನಮ್ಮ ಚಿಕ್ಕಪ್ಪ ಇದ್ದಾರೆ. ಹೊಲವೆಲ್ಲ ಲೇಔಟ್ ಆದ ಮೇಲೆ ಮನೆ ಕಟ್ಟಿಸಿ ಮಾರುವ ವ್ಯವಹಾರ ಅವರದು, ಮಾತು ಖಡಾಖಂಡಿತ. ಅವರು ಬಂದು ಕೂತು, "ದರ್ಭೇಲಿ ಬೊಂಬೆ ಮಾಡಿ ಕಾರ್ಯ ಮುಗಿಸ್ಬಿಡೋಣ ಕಣೋ. ಹಿಂಗೇ ಬಿಟ್ರೆ ಅವನಿಗೂ ನೆಮ್ಮದಿ ಇಲ್ಲ, ನಿಮಗೂ ಇಲ್ಲ" ಎಂದರು. ಅಮ್ಮ ಹೂ ಕಟ್ಟುತ್ತಿದ್ದಳು. ತಲೆ ಎತ್ತದೆ, "ಬದುಕಿರೋನಿಗೆ ಯಾರಾದ್ರೂ ತಿಥಿ ಮಾಡ್ತಾರೇನಪ್ಪ?" ಎಂದಳು. ನಾನು ಹೊರಡುವಾಗ ಮಾತ್ರ ಬಾಗಿಲ ತನಕ ಬಂದು, "ನೀನ್ ಬಂದು ಏನ್ ಹೇಳ್ತೀಯೋ ಅದೇ ಆಗ್ಲಿ. ನಂಗೂ ಸಾಕಾಗಿದೆ ಕಣೋ" ಎಂದಳು.

ಹನೋಯಿಯಲ್ಲಿದ್ದಷ್ಟು ದಿನವೂ ಅದೇ ಯೋಚನೆ. ಕೆಲಸದಲ್ಲಿ ಮನಸ್ಸಿಲ್ಲ, ಊಟ ಸೇರುತ್ತಿರಲಿಲ್ಲ. ನಾನು ಹೂಂ ಎಂದರೆ ಮಂಜು ಸತ್ತ ಹಾಗೆ. ಉಹೂಂ ಎಂದರೆ ಅಮ್ಮ ಇನ್ನೂ ಎಷ್ಟು ವರ್ಷ ಗೇಟಿನ ಸದ್ದಿಗೆ ಎದ್ದು ಬರಬೇಕೋ. ಕೊನೆಗೆ ವಿಮಾನ ಹತ್ತುವ ಹೊತ್ತಿಗೆ ತೀರ್ಮಾನ ಮಾಡಿದ್ದೆ. ಚಿಕ್ಕಪ್ಪ ಹೇಳಿದ ಹಾಗೆ ಮಾಡಿ ಮುಗಿಸುವುದು.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಕ್ಯಾಬ್ ಸಿಕ್ಕಿತು. ಡ್ರೈವರ್ ದೊಡ್ಡಬಳ್ಳಾಪುರದ ಕಡೆಯವರು, ಐವತ್ತರ ಆಸುಪಾಸು. ಬ್ಯಾಗುಗಳನ್ನು ಹಿಂದೆ ಡಿಕ್ಕಿಯಲ್ಲಿ ಹಾಕಿ ನಾನು ಎಡಗಡೆ ಬಾಗಿಲಿನಿಂದ ಹತ್ತಿದೆ. ಆ ಕಡೆ ಬಿಸಿಲು ಹೊಡೆಯುತ್ತಿದ್ದದ್ದರಿಂದ ಬಲಕ್ಕೆ ಸರಿದು ಡ್ರೈವರಿನ ಹಿಂದೆ ಕೂತೆ. ಅವರು ಓಟಿಪಿ ಹಾಕಿಕೊಂಡು ಕನ್ನಡಿಯಲ್ಲಿ ಒಮ್ಮೆ ಹಿಂದೆ ನೋಡಿ ಹೊರಟರು. ಆವತ್ತು ನನಗೆ ಮಾತು ಬೇಡವಾಗಿತ್ತು. ಯಲಹಂಕ ದಾಟುವಾಗ ವಾಯುಪಡೆಯ ವಿಮಾನವೊಂದು ಸದ್ದು ಮಾಡಿಕೊಂಡು ಹೋಯಿತು. ಚಿಕ್ಕಪ್ಪನಿಗೆ ಹೇಗೆ ಹೇಳುವುದು, ಅದಕ್ಕಿಂತ ಅಮ್ಮನಿಗೆ ಯಾವ ಮುಖ ಇಟ್ಟುಕೊಂಡು ಹೇಳುವುದು ಎಂದು ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತಿದ್ದೆ.

ಹೆಬ್ಬಾಳದ ಫ್ಲೈಓವರ್ ಹತ್ತಿದ್ದೇ ತಡ, ಎಂದಿನಂತೆ ಗಾಡಿಗಳು ನಿಂತುಬಿಟ್ಟವು. ಡ್ರೈವರ್ ಕನ್ನಡಿಯಲ್ಲಿ ನೋಡುತ್ತ ಸ್ವಲ್ಪ ಸಂಕೋಚದಿಂದಲೇ ಹೇಳಿದರು: "ಸಾ, ತಪ್ಪು ತಿಳ್ಕಾಬೇಡಿ. ಅವ್ರು ಸ್ವಲ್ಪ ಕಾಲು ಕೆಳಗಿಟ್ಕೊಳ್ಲಿ ಸಾ. ಸೀಟ್ ಕವರ್ ಒಸಾದು, ಮೊನ್ನೆ ತಾನೆ ಆಕ್ಸಿದ್ದು."

"ಯಾರು?" ಎಂದೆ.

"ನಿಮ್ ಪಕ್ಕದೋರು ಸಾ. ನಿದ್ದೆ ಮಾಡ್ತಾವ್ರೇನೋ, ಆಗ್ಲಿಂದ ಇಂಗೇ ಕಾಲು ಮ್ಯಾಲೆ ಮಡಚ್ಕೊಂಡವ್ರೆ."

ತಿರುಗಿ ನೋಡಿದೆ. ಪಕ್ಕದ ಸೀಟು ಖಾಲಿ. ಕಂದು ಬಣ್ಣದ ಹೊಸ ಕವರಿನ ಮೇಲೆ ಬಿಸಿಲು ಬಿದ್ದಿತ್ತು. ನನ್ನ ಲ್ಯಾಪ್‌ಟಾಪ್ ಬ್ಯಾಗು ತೊಡೆಯ ಮೇಲಿತ್ತು, ಆ ಕಡೆ ಒಂದು ಕಾಗದದ ಚೂರೂ ಇರಲಿಲ್ಲ. ನಾನು ಸೀಟನ್ನೇ ನೋಡುತ್ತಿದ್ದದ್ದನ್ನು ಕಂಡು ಡ್ರೈವರೂ ಇಡೀ ಮೈ ತಿರುಗಿಸಿ ಹಿಂದೆ ನೋಡಿದರು. ಅವರ ಮುಖದಲ್ಲಿ ಮೊದಲು ಬಂದದ್ದು ಸಿಟ್ಟು.

"ಎಲ್ ಇಳಿದ್ರು ಸಾ? ಫ್ಲೈಓವರ್ ಮ್ಯಾಲೆ ಇಂಗೆಲ್ಲ ಇಳೀಬಾರ್ದು!"

"ನಾನೊಬ್ನೇ ಹತ್ತಿದ್ದು" ಎಂದೆ.

"ಇಬ್ರು ಅತ್ತಿದ್ರಲ್ಲ ಸಾ" ಎಂದರು. ಆಮೇಲೆ ನನ್ನ ಮುಖವನ್ನು ಸರಿಯಾಗಿ ನೋಡಿದರು. ಹಾಡು ಹಾಕಿದ್ದರು, ಅದನ್ನು ನಿಲ್ಲಿಸಿದರು. ಮುಂದಿದ್ದ ದೇವರ ಪಟವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, "ಬುಡಿ ಸಾ, ನಂದೇ ಏನೋ ಮಂಪರು" ಎಂದು ಮುಂದೆ ತಿರುಗಿದರು. ಹಿಂದಿನ ಬಸ್ಸಿನವನು ಹಾರನ್ ಮೇಲೆ ಕೈ ಇಟ್ಟವನು ತೆಗೆಯಲೇ ಇಲ್ಲ.

ಆಗ ನನಗೆ ನೆನಪಾದದ್ದು ಟೋಕಿಯೊದ ಮುದುಕಪ್ಪ. ನಾನು ಕೂತಾದ ಮೇಲೂ ಬಾಗಿಲು ಹಿಡಿದುಕೊಂಡು ಅವನು ಯಾರಿಗೆ ಕಾಯುತ್ತಿದ್ದ? ಕೊಲಂಬೊದಲ್ಲಿ ಸರಿದು ಕೂತುಕೋ ಎಂದದ್ದು ಯಾರಿಗೆ ಜಾಗ ಬಿಡಲು? ಹನೋಯಿಯ ಬೈಕಿನವನು ಒಬ್ಬರಿಗೆ ಮಾತ್ರ ಎನ್ನುತ್ತಿದ್ದನೇ? ಭಾಷೆ ಬಾರದ ಕಡೆಯೆಲ್ಲ ಇದು ಇವರ ಕ್ರಮ ಎಂದು ನಾನೇ ಅರ್ಥ ಹಚ್ಚಿಕೊಂಡಿದ್ದೆ. ಈಗ ನನ್ನೂರಿನಲ್ಲಿ, ನನ್ನ ಭಾಷೆಯಲ್ಲಿ ಒಬ್ಬರು ಹೇಳಿದ ಮೇಲೆ ಬೇರೆ ಅರ್ಥ ಹಚ್ಚಲು ಏನೂ ಉಳಿಯಲಿಲ್ಲ. ಕಾರಿನಿಂದ ಇಳಿದು ಓಡಿಬಿಡೋಣ ಎನ್ನಿಸಿತು, ಹಾಗೆಯೇ ಆ ಖಾಲಿ ಸೀಟಿನ ಮೇಲೆ ಕೈ ಇಟ್ಟು ನೋಡೋಣ ಎಂದೂ ಎನ್ನಿಸಿತು. ಎರಡನ್ನೂ ಮಾಡಲಿಲ್ಲ.

ಮೊಬೈಲ್ ಕೈಯಲ್ಲೇ ಇತ್ತು. ಮಂಜುವಿನ ಫೋಟೊ ತೆಗೆದೆ. ನಾಲ್ಕು ವರ್ಷ, ಸಿಕ್ಕಸಿಕ್ಕ ಡ್ರೈವರಿಗೆಲ್ಲ, ಭಾಷೆ ಗೊತ್ತಿಲ್ಲದವರಿಗೂ ತೋರಿಸಿದ ಫೋಟೊ. ಮುಂದಕ್ಕೆ ಬಾಗಿ "ಇವನೇನಾ?" ಎಂದು ಕೇಳಿದ್ದರೆ ಆಗುತ್ತಿತ್ತು. ಅಲ್ಲ ಎಂದರೆ ಇದೆಲ್ಲ ನಿದ್ದೆಗೆಟ್ಟವರ ಭ್ರಮೆ. ಹೌದು ಎಂದರೆ? ಹೌದು ಎಂದರೆ ಮಂಜು ಇಲ್ಲ. ಅದನ್ನು ಅಮ್ಮನಿಗೆ ನಾನೇ ಹೇಳಬೇಕು. ಬೊಂಬೆ ಮಾಡಿ ಮುಗಿಸಿಬಿಡೋಣ ಎಂದು ತೀರ್ಮಾನ ಮಾಡಿಕೊಂಡು ಬಂದವನಿಗೆ, ಅವನು ನಿಜವಾಗಿ ಸತ್ತಿದ್ದಾನೆ ಎಂದು ತಿಳಿಯುವ ಧೈರ್ಯ ಮಾತ್ರ ಇರಲಿಲ್ಲ. ಫೋಟೊ ತೆಗೆದಂತೆಯೇ ಮುಚ್ಚಿ ಮೊಬೈಲನ್ನು ಜೇಬಿಗೆ ಹಾಕಿಕೊಂಡೆ.

ಮತ್ತಿಕೆರೆಯ ನಮ್ಮ ಬೀದಿಯಲ್ಲಿ ಕಾರು ನಿಂತಿತು. ಬ್ಯಾಗು ಇಳಿಸಿಕೊಂಡು ನಾನು ಗೇಟು ತೆಗೆದ ಸದ್ದಿಗೆ ಅಮ್ಮ ಎದ್ದು ಬಂದಳು. ನಾನು ಎಲ್ಲಿಂದ ಬಂದರೂ ಅವಳು ಕೇಳುವುದು ಒಂದೇ ಪ್ರಶ್ನೆ. ಪಕ್ಕದ ಅಂಗಡಿಯಿಂದ ಮೊಸರು ತಂದರೂ ಅದೇ.

"ಒಬ್ನೇನಾ ಬಂದಿದ್ದು?"

"ಹೂಂ ಅಮ್ಮ, ಒಬ್ನೇ" ಎನ್ನುವುದು ನಾಲ್ಕು ವರ್ಷದಿಂದ ನಾಲಿಗೆಗೆ ರೂಢಿಯಾಗಿತ್ತು. ಆವತ್ತು ಹೇಳಲಾಗಲಿಲ್ಲ. ಅಮ್ಮ ನನ್ನನ್ನು ನೋಡಿದಳು, ನನ್ನ ಭುಜದಾಚೆ ಕಾರನ್ನು ನೋಡಿದಳು. ಡ್ರೈವರ್ ಇಳಿದು ಎಡಗಡೆಯ ಹಿಂಬಾಗಿಲನ್ನು ಪೂರ್ತಿ ತೆರೆದು ಹಿಡಿದುಕೊಂಡು ನಿಂತಿದ್ದರು.

"ಆ ಯಪ್ಪ ಯಾಕೆ ಬಾಗಿಲು ತೆಗ್ದು ನಿಂತಿದಾರೆ?"

"ಸೀಟ್ ಒರೆಸ್ತಾರೇನೋ ಕಣಮ್ಮ, ಒಳಗ್ ನಡಿ" ಎಂದೆ. ಅವರ ಕೈಯಲ್ಲಿ ಬಟ್ಟೆ ಇತ್ತೋ ಇಲ್ಲವೋ, ನಾನು ನೋಡಲಿಲ್ಲ.

ಸಂಜೆ ಚಿಕ್ಕಪ್ಪನ ಫೋನ್ ಬಂತು. "ಬೇಡ ಚಿಕ್ಕಪ್ಪ, ಸದ್ಯಕ್ಕೆ ಬೇಡ" ಎಂದೆ. ನಡೆದದ್ದನ್ನು ನಂಬಿದ್ದರೆ ನಾನು ಹೂಂ ಎನ್ನಬೇಕಿತ್ತು. ನಂಬದಿದ್ದರೆ ತೀರ್ಮಾನ ಬದಲಿಸಲು ಕಾರಣವೇ ಇರಲಿಲ್ಲ. ಹಾಗಾದರೆ ಬೇಡ ಎಂದದ್ದು ಯಾಕೆ ಎಂದು ನನ್ನನ್ನು ಕೇಳಬೇಡಿ. ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ.

ಕ್ಯಾಂಟೀನಿನಲ್ಲಿ ಒಬ್ಬ ಗೆಳೆಯನಿಗೆ ಮಾತ್ರ ಇದನ್ನು ಹೇಳಿದೆ. "ಡಬಲ್ ಡ್ಯೂಟಿ ಮಾಡ್ತಾರೆ ಗುರು, ಕಣ್ಣು ತೆಗೆದೇ ನಿದ್ದೆ ಹೊಡೀತಾರೆ. ಹಿಂದಿನ ಟ್ರಿಪ್ಪಲ್ಲಿ ಕೂತಿದ್ದೋನು ತಲೇಲಿ ಉಳ್ಕೊಂಡಿರ್ತಾನೆ" ಎಂದ. ಇರಬಹುದು. ಕಾಲು ಮಡಚಿ ಕೂರುವವರಿಗೆ ಈ ಊರಿನಲ್ಲಿ ಬರವಿಲ್ಲ. ಟೋಕಿಯೊದವನೂ ಕೊಲಂಬೊದವನೂ ಬೇರೆ ಏನನ್ನೋ ಹೇಳಿರಬಹುದು. ಆ್ಯಪ್‌ನ ಹಳೆಯ ಪ್ರಯಾಣಗಳಲ್ಲಿ ಆ ಡ್ರೈವರಿನ ಹೆಸರಿದೆ. ಮನಸ್ಸು ಮಾಡಿದರೆ ಹುಡುಕಬಹುದು. ಇವತ್ತಿನವರೆಗೆ ಹುಡುಕಿಲ್ಲ. ಬೇರೆ ಯಾವ ಡ್ರೈವರಿಗೂ ಫೋಟೊ ತೋರಿಸಿಲ್ಲ. ಗಾಡಿ ಹತ್ತಿದಾಗ ಮಾತ್ರ, ಯಾರೂ ಹೇಳದಿದ್ದರೂ, ಒಂದು ಕಡೆಗೆ ಸರಿದು ಕೂರುತ್ತೇನೆ.

ಅಮ್ಮ ಈಗಲೂ ಕೇಳುತ್ತಾಳೆ, ಒಬ್ನೇನಾ ಎಂದು. ನಾನು ಉತ್ತರ ಕೊಡುವುದನ್ನು ಬಿಟ್ಟು ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗುತ್ತೇನೆ. ಅವಳು ಏನು ಅರ್ಥ ಮಾಡಿಕೊಂಡಿದ್ದಾಳೋ ತಿಳಿಯದು, ಕೇಳುವ ಧೈರ್ಯ ನನಗಿಲ್ಲ. ಮೊದಲೆಲ್ಲ ನಾನು ಹೊಸ್ತಿಲು ದಾಟಿದ ಕೂಡಲೇ ಸೊಳ್ಳೆ ಬರುತ್ತದೆ ಎಂದು ಬಾಗಿಲು ಹಾಕುತ್ತಿದ್ದಳು. ಈಗ ನಾನು ಒಳಗೆ ಬಂದ ಮೇಲೂ ಸ್ವಲ್ಪ ಹೊತ್ತು ಅದನ್ನು ಹಿಡಿದುಕೊಂಡು ನಿಂತಿರುತ್ತಾಳೆ.