ಗಂಗರತ್ನಮ್ಮನವರ ಅಣ್ಣ-ಅಕ್ಕ ಯೋಜನೆ

ಗಂಗರತ್ನಮ್ಮ ಕೋಲಾರದ ಒಂದು ಖಾಸಗಿ ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಲೆಕ್ಚರರ್ ಆಗಿದ್ದರು. ಹುಟ್ಟಿದ್ದು ತಾಯಲೂರಿನಲ್ಲಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಎಂ.ಎ. ಓದುವಾಗ ಇಂಗ್ಲಿಷ್. ಮೂರು ಭಾಷೆಯಲ್ಲೂ ಜಗಳ ಆಡಬಲ್ಲ ಹೆಂಗಸು ಎಂದು ಸಹೋದ್ಯೋಗಿಗಳು ಹೇಳುತ್ತಿದ್ದರು. ಅದು ಹೊಗಳಿಕೆಯಾಗಿರಲಿಲ್ಲ.

1977ರ ಬೇಸಿಗೆಯಲ್ಲಿ ಊರಿಗೆ ಹೊರಟಿದ್ದ ಅವರಿಗೆ ಮುಳಬಾಗಿಲು ಬಸ್ ಸ್ಟ್ಯಾಂಡಿನಲ್ಲಿ ಹಳೆಯ ವಿದ್ಯಾರ್ಥಿ ಕದಿರೇಶ ಸಿಕ್ಕಿದ. ದೇವರಾಯಸಮುದ್ರದವನು. ಹಿಂದಿನ ವರ್ಷ ಬಿ.ಕಾಂ.ನಲ್ಲಿ ಕಾಲೇಜಿಗೇ ಮೊದಲು ಬಂದಿದ್ದ. ಈಗ ಒಂದು ಲಾರಿ ಆಫೀಸಿನಲ್ಲಿ ತರಕಾರಿ ಮೂಟೆ ಹತ್ತಿಸುವ ಕೆಲಸ ನೋಡಿಕೊಳ್ಳುತ್ತಿದ್ದ.

"ಬ್ಯಾಂಕಿನ ಇಂಟರ್ವ್ಯೂ ಏನಾಯ್ತೋ?" ಎಂದು ಕೇಳಿದರು.

"ಹೋಗಿದ್ದೆ ಮೇಡಂ. ಒಳಗೆ ಕರೆದ್ರು. ಇಂಗ್ಲಿಷ್‌ನಲ್ಲಿ ಏನೋ ಅಂದ್ರು. ಕೂತ್ಕೋ ಅಂದಿದ್ದು ಅಂತ ಹೊರಗೆ ಬಂದ ಮೇಲೆ ಗೊತ್ತಾಯ್ತು. ನಿಂತೇ ಇದ್ದೆ. ಅವರೆಲ್ಲ ಮುಖ ಮುಖ ನೋಡಿಕೊಂಡು ನಕ್ಕರು. ಆಮೇಲೆ ಕೇಳಿದ್ದು ಒಂದೂ ನನ್ನ ತಲೆಗೆ ಹೋಗ್ಲಿಲ್ಲ."

ಗಂಗರತ್ನಮ್ಮನಿಗೆ ಮೈ ಉರಿಯಿತು. ಅದೇ ಬ್ಯಾಂಕಿನ ಬೆಂಗಳೂರು ಕಚೇರಿಯಲ್ಲಿ ಅದೇ ಕಾಲೇಜಿನ ಹಳೆಯ ವಿದ್ಯಾರ್ಥಿಯೊಬ್ಬ ದೊಡ್ಡ ಹುದ್ದೆಯಲ್ಲಿದ್ದ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು, ಹತ್ತು ವರ್ಷ ಹಿಂದೆ ಮುಂದೆ ಅಷ್ಟೆ. ಮುಂಚೆ ಒಂದು ಗಂಟೆ ಅವನ ಜೊತೆ ಕೂತು ಮಾತಾಡಿದ್ದರೆ ಕದಿರೇಶ ಹೀಗೆ ಬೆಪ್ಪಾಗಿ ನಿಲ್ಲುತ್ತಿರಲಿಲ್ಲ. ಬಸ್ಸಿನಲ್ಲಿ ತಾಯಲೂರು ಸೇರುವಷ್ಟರಲ್ಲಿ ಅವರು ನಿರ್ಧಾರ ಮಾಡಿಬಿಟ್ಟಿದ್ದರು. ಕೊನೆಯ ವರ್ಷದ ಪ್ರತಿಯೊಬ್ಬ ವಿದ್ಯಾರ್ಥಿಗೂ ಕೆಲಸದಲ್ಲಿರುವ ಒಬ್ಬ ಹಳೆಯ ವಿದ್ಯಾರ್ಥಿಯನ್ನು ಜೊತೆ ಮಾಡಬೇಕು. ಕೆಲಸ ಕೊಡಿಸಬೇಕಾಗಿಲ್ಲ. ದಾರಿ ಹೇಳಿದರೆ ಸಾಕು.

ಮೊದಲು ಅದಕ್ಕೆ 'ಕೈಹಿಡಿ ಯೋಜನೆ' ಎಂದು ಹೆಸರಿಟ್ಟರು. ಕ್ಲಾಸಿನಲ್ಲಿ ಹೇಳಿದ್ದೇ ತಡ, ಹಿಂದಿನ ಬೆಂಚಿನವರು ಕಿಸಕ್ಕನೆ ನಕ್ಕು, ಯಾರ ಕೈ ಯಾರು ಹಿಡಿಯೋದು ಎಂದು ಹುಡುಗಿಯರ ಕಡೆ ನೋಡಿದರು. ಮರುದಿನವೇ ಅದು 'ಅಣ್ಣ-ಅಕ್ಕ ಯೋಜನೆ' ಆಯಿತು.

ಹಳೆಯ ವಿದ್ಯಾರ್ಥಿಗಳ ವಿಳಾಸ ಹುಡುಕಿ ಹುಡುಕಿ ಕಾಗದ ಬರೆದರು. ಆ ಬ್ಯಾಂಕಿನವನೂ ಸೇರಿ ಹೆಚ್ಚಿನವರು ಉತ್ತರ ಕೊಡಲಿಲ್ಲ. ಕೊಟ್ಟವರಲ್ಲಿ ಕೆಲವರು ಆಶೀರ್ವಾದ ಕಳಿಸಿದರು. ಬರುತ್ತೇವೆಂದವರನ್ನು ಒಂದು ಭಾನುವಾರ ಕಾಲೇಜಿಗೆ ಕರೆಸುವುದೆಂದಾಯಿತು.

ಪ್ರಿನ್ಸಿಪಾಲ್ ರಾಮಚಂದ್ರಪ್ಪ ಕೆಟ್ಟವರಲ್ಲ. ಆದರೆ ಅವರಿಗೆ ವೇದಿಕೆ ಇಲ್ಲದ ಕಾರ್ಯಕ್ರಮ ಕಾರ್ಯಕ್ರಮವೇ ಅಲ್ಲ. ಗಂಗರತ್ನಮ್ಮ ಎದುರುಬದುರು ಹಾಕಿಸಿದ್ದ ಕುರ್ಚಿಗಳನ್ನೆಲ್ಲ ಬೆಳಗಾಗುವಷ್ಟರಲ್ಲಿ ಸಾಲಾಗಿ ಜೋಡಿಸಿ, ಶಾಮಿಯಾನ ಕಟ್ಟಿಸಿ, ಹಾರ ತರಿಸಿದ್ದರು.

"ಇದು ಸನ್ಮಾನ ಅಲ್ಲ ಸಾರ್. ಅವರು ನಮ್ಮ ಮಕ್ಕಳ ಹತ್ರ ಕೂತು ಮಾತಾಡ್ಬೇಕು."

"ಮಾತಾಡ್ಲಮ್ಮ, ಯಾರು ಬೇಡ ಅಂದ್ರು? ಮೈಕು ಇದೆಯಲ್ಲ."

ಬಂದವರು ಮೂವರೇ. ಅದರಲ್ಲಿ ಒಬ್ಬ ಎಂಜಿನಿಯರ್, ತಾನು ಬೀದಿದೀಪದ ಕೆಳಗೆ ಓದಿದ್ದನ್ನು ಊಟದ ಹೊತ್ತಿನವರೆಗೆ ವಿವರಿಸಿದ. ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು. ಸರ್ಕಾರಿ ಕೆಲಸದ ಪರೀಕ್ಷೆ ಯಾವಾಗ ಬರುತ್ತೆ, ಏನು ಓದಬೇಕು ಎಂದು ಒಬ್ಬನೂ ಕೇಳಲಿಲ್ಲ, ಆತನೂ ಹೇಳಲಿಲ್ಲ. ಚಿತ್ರಾನ್ನ ಚೆನ್ನಾಗಿತ್ತು ಎಂದು ಹೇಳಿ ಕಾರು ಹತ್ತಿದ.

ಅವರೇ ಬರದಿದ್ದರೆ ನಾವೇ ಹೋಗೋಣ ಎಂದು ಗಂಗರತ್ನಮ್ಮ ಒಂದಷ್ಟು ಹುಡುಗರನ್ನು ಕರೆದುಕೊಂಡು ಬೆಂಗಳೂರಿಗೆ ಹೊರಟರು. ಅಲ್ಲೊಬ್ಬ ವಕೀಲ, ಹಳೆಯ ವಿದ್ಯಾರ್ಥಿ, ಬಹಳ ಪ್ರೀತಿಯಿಂದ ಬರಮಾಡಿಕೊಂಡ. ಕಾಫಿ ಕೊಡಿಸಿದ. ಹುಡುಗರ ಊರು, ತಂದೆಯ ಹೆಸರು ಒಂದೊಂದಾಗಿ ವಿಚಾರಿಸಿದ. ಆಮೇಲೆ ಮೇಷ್ಟ್ರಮ್ಮನನ್ನು ಪಕ್ಕದ ಕೋಣೆಗೆ ಕರೆದು, "ಆ ಹೋಳೂರಿನ ಹುಡುಗ ಯಾರ ಪೈಕಿ? ನಮ್ಮವನಾದ್ರೆ ನಾಳೆಯಿಂದ್ಲೇ ಬರ್ಲಿ. ಬೇರೆಯವರಿಗೆ ಅವರವರ ಕಡೆ ಯಾರಾದ್ರೂ ಇರ್ತಾರಲ್ಲ, ನೋಡಿ" ಎಂದ.

"ಎಲ್ಲರೂ ನನ್ನ ಪೈಕಿ" ಎಂದು ಗಂಗರತ್ನಮ್ಮ ಚಪ್ಪಲಿ ಮೆಟ್ಟಿಕೊಂಡರು.

ಹುಡುಗರಿಗೆ ಏನಾಯಿತೆಂದು ತಿಳಿಯಲಿಲ್ಲ. ಪಕ್ಕದ ಕೋಣೆಯ ಮಾತು ಕಿವಿಗೆ ಬಿದ್ದಿದ್ದ ಹೋಳೂರಿನ ಹುಡುಗ ಮಾತ್ರ ಹಿಂತಿರುಗುವಾಗ ಮುಖ ಊದಿಸಿಕೊಂಡಿದ್ದ. ಮುಂದಿನ ವಾರ ತಾನೊಬ್ಬನೇ ಹೋಗಿ ವಕೀಲನ ಆಫೀಸು ಸೇರಿಕೊಂಡ. ಅವನನ್ನು ಬೈಯಲು ಗಂಗರತ್ನಮ್ಮನಿಗೆ ಬಾಯಿ ಬರಲಿಲ್ಲ. ಬೈಯದಿರಲೂ ಆಗಲಿಲ್ಲ. ಅವನು ಊರಿಗೆ ಬಂದು ಎದುರು ಸಿಕ್ಕಾಗಲೆಲ್ಲ ಮುಖ ತಿರುಗಿಸಿಕೊಂಡು ಓಡಾಡಿದರು.

ಇಷ್ಟೆಲ್ಲದರಲ್ಲಿ ಸರಿಯಾಗಿ ಕೂಡಿಬಂದದ್ದು ಒಂದೇ ಜೋಡಿ. ಶ್ರೀನಿವಾಸಪುರದ ಆದಿಲಕ್ಷ್ಮಿ, ಕೋಲಾರದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಬಿ.ಎಸ್ಸಿ. ಓದುತ್ತಿದ್ದಳು. ಅವಳ ತಂದೆ ಮುನಿಯಲ್ಲಪ್ಪ ಹಿಪ್ಪುನೇರಳೆ ಬೆಳೆದು ಹುಳು ಸಾಕುವವರು. ಮಾಲೂರಿನ ರೇಷ್ಮೆ ಇಲಾಖೆಯಲ್ಲಿ ಕೆಲಸದಲ್ಲಿದ್ದ ಅಶ್ವತ್ಥಮ್ಮ ಅದೇ ಕಾಲೇಜಿನವರು. ಭಾನುವಾರ ಭಾನುವಾರ ಮಗಳನ್ನು ಅವರ ಹತ್ತಿರ ಕಳಿಸಿ ಎಂದು ಕೇಳಲು ಗಂಗರತ್ನಮ್ಮ ಶ್ರೀನಿವಾಸಪುರಕ್ಕೇ ಹೋದರು.

"ಎಂದುಕು ಮೇಡಂ, ಯಾಕೆ ಇವೆಲ್ಲಾ?" ಎಂದರು ಮುನಿಯಲ್ಲಪ್ಪ. "ಹುಳು ಸಾಕೋದು ನಾನು ಕಲಿಸ್ತೀನಿ. ಮಾಲೂರಿಗೆ ಯಾಕೆ?"

ಗಂಗರತ್ನಮ್ಮ ತೆಲುಗಿಗೆ ತಿರುಗಿ, ಹುಳು ಸಾಕುವುದಲ್ಲ, ಹುಳು ಸಾಕುವವರ ಮನೆಗೆ ಬಂದು ತಪ್ಪು ಎತ್ತಿ ತೋರಿಸುವ ಇನ್‌ಸ್ಪೆಕ್ಟರ್ ಆಗುವುದು ಎಂದು ವಿವರಿಸಿದರು. ಮುನಿಯಲ್ಲಪ್ಪನಿಗೆ ಆ ಮಾತು ಹಿಡಿಸಿತು. ಆದಿಲಕ್ಷ್ಮಿ ಒಂದು ವರ್ಷ ಮಾಲೂರಿಗೆ ಓಡಾಡಿದಳು. ಅಶ್ವತ್ಥಮ್ಮ ಪರೀಕ್ಷೆಗೆ ಓದಿಸಿದರು, ಅಧಿಕಾರಿಗಳ ಎದುರು ಕೂತು ಮಾತಾಡುವುದನ್ನು ಕಲಿಸಿದರು. 1980ರಲ್ಲಿ ಆದಿಲಕ್ಷ್ಮಿಗೆ ಇಲಾಖೆಯಲ್ಲಿ ಕೆಲಸ ಸಿಕ್ಕಿತು. ಗಂಗರತ್ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಮೈಸೂರುಪಾಕ್ ಹಂಚಿದರು.

ಇನ್ನು ಸರಪಳಿ ತಾನಾಗಿಯೇ ಬೆಳೆಯುತ್ತೆ ಎಂದುಕೊಂಡಿದ್ದರು. ಬೆಳೆಯಲಿಲ್ಲ. ಅಶ್ವತ್ಥಮ್ಮನಿಗೆ ದೂರದ ಊರಿಗೆ ವರ್ಗವಾಯಿತು. ಆದಿಲಕ್ಷ್ಮಿ ಮದುವೆಯಾಗಿ ಕೋಲಾರದಲ್ಲೇ ಮನೆ ಮಾಡಿದಳು. ಯಾವ ಹುಡುಗಿಯನ್ನು ಕಳಿಸುತ್ತೇನೆಂದರೂ ಅವಳ ಉತ್ತರ ಒಂದೇ. "ಈ ವರ್ಷ ಬೇಡ ಮೇಡಂ, ಮುಂದಿನ ವರ್ಷ ನೋಡೋಣ." ಮುಂದಿನ ವರ್ಷವೂ ಅದೇ.

ಬ್ಯಾಂಕಿನವನ ಮೌನ, ವಕೀಲನ ಪ್ರಶ್ನೆ ಗಂಗರತ್ನಮ್ಮನನ್ನು ಇಷ್ಟು ಕಾಡಿರಲಿಲ್ಲ. ಇವಳು ತಾವೇ ಊರೂರು ಅಲೆದು ದಡ ಸೇರಿಸಿದ ಹುಡುಗಿ. ಅಷ್ಟರಲ್ಲಿ ಕಾಲೇಜಿನಲ್ಲಿ ಹಳೆಯ ವಿದ್ಯಾರ್ಥಿಗಳ ಸಂಘವೆಂದು ಬೇರೆಯೇ ಒಂದು ಹುಟ್ಟಿಕೊಂಡಿತ್ತು. ಗೇಟಿಗೆ ಕಮಾನು ಕಟ್ಟಿಸುವುದು ಅದರ ಮೊದಲ ಕೆಲಸ. ಕಮಾನಿನ ಕಲ್ಲಿನಲ್ಲಿ ಯಾರ ಹೆಸರು ಮೇಲೆ ಬರಬೇಕೆಂದು ಎರಡು ಸಭೆಗಳಲ್ಲಿ ಜಗಳವಾಯಿತು. ಅಣ್ಣ-ಅಕ್ಕ ಯೋಜನೆಯನ್ನು ಈ ಸಂಘದಲ್ಲೇ ಸೇರಿಸಿಬಿಡೋಣ ಎಂದು ರಾಮಚಂದ್ರಪ್ಪ ಹೇಳಿದರು. ಅಲ್ಲಿಗೆ ಅದರ ಕಥೆ ಮುಗಿಯಿತು.

1984ರಲ್ಲಿ ಒಂದು ಭಾನುವಾರ ಗಂಗರತ್ನಮ್ಮ ತಡೆಯಲಾರದೆ, ಆಂಜಿನಮ್ಮ ಎಂಬ ಕೊನೆಯ ವರ್ಷದ ಹುಡುಗಿಯನ್ನು ಜೊತೆಗೆ ಕರೆದುಕೊಂಡು ಹೇಳದೆ ಕೇಳದೆ ಆದಿಲಕ್ಷ್ಮಿಯ ಮನೆಗೆ ಹೋದರು. ಅವಳು ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಮೇಷ್ಟ್ರಮ್ಮನನ್ನು ನೋಡಿ ಮುಖ ಸಣ್ಣದಾಯಿತು.

"ನಿನಗೆ ಒಬ್ಬರು ದಾರಿ ತೋರಿಸಿದ್ರು. ನೀನು ಇನ್ನೊಬ್ಬರಿಗೆ ತೋರಿಸೋಕೆ ಏನು ಕಷ್ಟ ಕಣೇ?" ಎಂದು ನಿಂತೇ ಕೇಳಿದರು.

ಆದಿಲಕ್ಷ್ಮಿ ಕೈಲಿದ್ದ ಅವರೆಕಾಯಿಯನ್ನು ಮೊರಕ್ಕೆ ಹಾಕಿದಳು. "ಏನು ತೋರಿಸ್ಲಿ ಮೇಡಂ? ಹಳ್ಳಿಗೆ ಹೋದ್ರೆ, ಹೆಂಗಸು ಹುಳುಮನೆಗೆ ಬರೋದಾದ್ರೆ ಮುಟ್ಟಿನ ದಿನ ಲೆಕ್ಕ ನೋಡ್ಕೊಂಡು ಬಾ ಅಂತಾರೆ. ಆಫೀಸಲ್ಲಿ ಜೀಪು ಗಂಡಸರಿಗೆ, ನನಗೆ ಬಸ್ಸು. ಬಾಣಂತನ ಮುಗಿಸಿ ಬರೋ ಹೊತ್ತಿಗೆ ನನ್ನ ಮೇಜಿಗೆ ಬೇರೆ ಯಾರೋ ಬಂದಿದ್ರು. ಇದನ್ನೆಲ್ಲ ಹೇಳಿದ್ರೆ ಯಾವ ಹುಡುಗಿ ಬರ್ತಾಳೆ? ಹೇಳದೆ ಕರೆದ್ರೆ ಅದು ಮೋಸ. ಅದಕ್ಕೇ ಮುಂದಿನ ವರ್ಷ ಅಂತಿದ್ದೆ."

ಗಂಗರತ್ನಮ್ಮ ಚಾಪೆಯ ಮೇಲೆ ಕೂತರು. ಆಂಜಿನಮ್ಮ ಅವರೆಕಾಯಿ ಮೊರದ ಪಕ್ಕ ಕೂತು, ತಾನೂ ಸುಲಿಯುತ್ತಾ, ಒಂದೊಂದೇ ಕೇಳತೊಡಗಿದಳು. ಜೀಪು ಯಾಕೆ ಕೊಡಲ್ಲ, ದೂರು ಕೊಟ್ಟರೆ ಏನಾಗುತ್ತೆ, ಸಂಬಳ ನಿಮ್ಮ ಕೈಗೇ ಬರುತ್ತಾ. ಆದಿಲಕ್ಷ್ಮಿ ಯಾವುದನ್ನೂ ಮುಚ್ಚಿಡದೆ ಹೇಳಿದಳು. ಗಂಗರತ್ನಮ್ಮ ಮಧ್ಯೆ ಬಾಯಿ ಹಾಕಲಿಲ್ಲ. ಇಷ್ಟು ವರ್ಷ ಶಾಮಿಯಾನದ ಕೆಳಗೆ ಆಗಬೇಕೆಂದು ಅವರು ಬಯಸಿದ್ದು ಇಂಥದೇ ಮಾತುಕತೆ.

ರಸ್ತೆಗೆ ಬಂದ ಮೇಲೆ ಆಂಜಿನಮ್ಮ ಹೇಳಿದಳು. "ಮೇಡಂ, ಆ ಕೆಲಸ ನನಗೆ ಬೇಡ. ನಾನು ಬಿ.ಎಡ್. ಮಾಡ್ತೀನಿ."

ಗಂಗರತ್ನಮ್ಮನಿಗೆ ರೇಗಿತು. ಇಲಾಖೆಗೆ ಇನ್ನೊಬ್ಬ ಹೆಂಗಸು ಹೋಗದಿದ್ದರೆ ಆದಿಲಕ್ಷ್ಮಿ ಒಂಟಿಯಾಗೇ ಉಳಿಯುತ್ತಾಳೆ ಎಂದು ಹೇಳಬೇಕೆನಿಸಿತು. ಆದರೆ ಹುಡುಗಿ ಕೇಳಿ, ತಿಳಿದು, ತೀರ್ಮಾನ ಮಾಡಿದ್ದಳು. ಅದನ್ನು ತಪ್ಪು ಎನ್ನುವುದು ಹೇಗೆ?

"ಬಿ.ಎಡ್. ಮಾಡಿದವರು ಯಾರಾದ್ರೂ ಗೊತ್ತಾ ನಿನಗೆ?" ಎಂದು ಒರಟಾಗಿ ಕೇಳಿದರು.

"ಇಲ್ಲ ಮೇಡಂ."

"ಬಾ, ವಿಚಾರಿಸೋಣ" ಎಂದು ಸೆರಗು ಬಿಗಿದುಕೊಂಡು ನಡೆದರು.